ಸೊನ್ನೆ ಒತ್ತಲು ಹೆದರಿದ ಆಸ್ಪತ್ರೆ

"ಇದೆಯಾ?"

"ಇತ್ತು."

ಆಸ್ಪತ್ರೆಯಲ್ಲಿ ಒಂದೇ ಒಂದು ವಾರ ಕೆಲಸ ಮಾಡಿದವರಿಗೂ ಈ ಸಂಭಾಷಣೆ ಬಾಯಿಪಾಠ. ಹತ್ತಿ ಇದೆಯಾ? ಇತ್ತು. ಕೈಗವಸು? ಬೆಳಿಗ್ಗೆ ಇತ್ತು. ಮಕ್ಕಳಿಗೆ ಚುಚ್ಚುವ ಸಣ್ಣ ಸೂಜಿ? ಕಪಾಟಿನಲ್ಲಿರಬೇಕು, ಬೀಗದ ಕೈ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದಾರೆ.

ಈ ಕಥೆ ನಡೆದ ಆಸ್ಪತ್ರೆಗೆ ಮೂರು ಮಹಡಿ, ಒಂದು ಲಿಫ್ಟು. ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಚೀಟಿ ಅಂಟಿಸಿ ಎಷ್ಟು ಕಾಲವಾಗಿತ್ತೆಂದರೆ, ಚೀಟಿ ಹಳತಾಯಿತೆಂದು ಎರಡು ಸಲ ಹೊಸ ಚೀಟಿ ಅಂಟಿಸಿದ್ದರು. ಕೆಳಗೆ ಹೆರಿಗೆ ಕೋಣೆ, ಅದರ ಮೇಲೆ ಹೆಂಗಸರ ವಾರ್ಡು, ಅದರ ಮೇಲೆ ಆಪರೇಷನ್ ಕೋಣೆ. ಔಷಧಿಯ ಉಗ್ರಾಣ ಮಾತ್ರ ಹಿಂದಿನ ಅಂಗಳ ದಾಟಿದರೆ ಸಿಗುವ ಬೇರೆ ಕಟ್ಟಡದಲ್ಲಿ.

ಹೆಂಗಸರ ವಾರ್ಡಿನ ಹಿರಿಯ ನರ್ಸನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಆಕೆಗೆ ನಿಜವಾದ ತಮ್ಮನೂ ಒಬ್ಬನಿದ್ದ. ಅವನು ಆ್ಯಪ್ ಮಾಡುವವನು. ಯಾವ ಸಾಮಾನು ಎಲ್ಲಿ ಎಷ್ಟಿದೆ ಎಂದು ಮೊಬೈಲಿನಲ್ಲೇ ತೋರಿಸುವ ಆ್ಯಪನ್ನು ಇದೇ ಆಸ್ಪತ್ರೆಗೆ ಮಾಡಿಕೊಡುವ ಕೆಲಸ ಅವನಿಗೆ ಸಿಕ್ಕಿತು. ಅದಕ್ಕಾಗಿ ದೊಡ್ಡ ಡಾಕ್ಟರ ಕೋಣೆಯಲ್ಲಿ ಏಳು ಮೀಟಿಂಗ್ ಮಾಡಿದ. ಅಕ್ಕನ ಜೊತೆ ದಿನಾ ಒಂದೇ ಮೇಜಿನಲ್ಲಿ ಕೂತು ಊಟ ಮಾಡಿದ. ಮೀಟಿಂಗಿನಲ್ಲಿ ನೂರು ಪ್ರಶ್ನೆ ಕೇಳಿದವನು ಊಟದ ಮೇಜಿನಲ್ಲಿ ಉಪ್ಪು ಕೇಳಿದ, ಅಷ್ಟೆ.

ಆ್ಯಪ್ ನೋಡಲು ಚೆನ್ನಾಗಿಯೇ ಇತ್ತು. ಸಾಮಾನು ಎತ್ತಿದವರು ಇನ್ನೆಷ್ಟು ಉಳಿಯಿತೆಂದು ಅದರಲ್ಲಿ ಒತ್ತಬೇಕು. ಸಾಮಾನು ಸಾಕಷ್ಟಿದ್ದರೆ ಹಸಿರು, ಕಡಿಮೆಯಾದರೆ ಹಳದಿ, ಮುಗಿದರೆ ಕೆಂಪು. ಕೆಂಪಾದ ತಕ್ಷಣ ದೊಡ್ಡ ಡಾಕ್ಟರ ಫೋನು ಟಿಂಗ್ ಎನ್ನುತ್ತಿತ್ತು, ವಾರ್ಡಿನ ಹೆಸರಿನ ಸಮೇತ. ಸೊನ್ನೆ ಒತ್ತಿದ ನರ್ಸು ಕಾರಣ ಬೇರೆ ಬರೆಯಬೇಕು. ಐವತ್ತು ಅಕ್ಷರಕ್ಕಿಂತ ಕಡಿಮೆ ಬರೆದರೆ ಆ್ಯಪ್ ಒಪ್ಪುತ್ತಿರಲಿಲ್ಲ. ಮೊದಲ ವಾರ ಒಬ್ಬಳು ಹುಡುಗಿ "ಮುಗಿಯಿತು ಮುಗಿಯಿತು ಮುಗಿಯಿತು" ಎಂದು ಐವತ್ತು ತುಂಬುವ ತನಕ ಬರೆದಳು. ಮಾರನೆಯ ದಿನ ದೊಡ್ಡ ಡಾಕ್ಟರು ಅವಳನ್ನು ಕರೆಸಿ, "ಏನಮ್ಮಾ, ತಮಾಷೆಯಾ?" ಎಂದರು. ಅವಳು ಅಳುತ್ತಾ ಮೆಟ್ಟಿಲು ಹತ್ತಿ ಬಂದಳು.

ಸಿಸ್ಟರ್ ಅವಳಿಗೆ ನೀರು ಕೊಟ್ಟು ಬುದ್ಧಿ ಹೇಳಿದರು.

"ಕೊನೆಯದು ಎತ್ತಿದರೂ ಸೊನ್ನೆ ಒತ್ತಬೇಡ ಕಣೇ. ಒಂದು ಅಂತ ಬಿಡು. ನಾಳೆ ಉಗ್ರಾಣದಿಂದ ಬಂದಾಗ ಸರಿಹೋಗುತ್ತೆ."

"ಸುಳ್ಳು ಆಗಲ್ವಾ ಸಿಸ್ಟರ್?"

"ಸುಳ್ಳು ಯಾಕೆ? ಒಂದು ದಿನ ಮುಂಚೆ ಹೇಳಿದ ನಿಜ."

ಈ ಮಾತು ಎಲ್ಲರಿಗೂ ಹಿಡಿಸಿತು. ತಿಂಗಳೊಳಗೆ ಆಪರೇಷನ್ ಕೋಣೆಯವರು ಕಲಿತರು, ಹೆರಿಗೆ ಕೋಣೆಯವರು ಕಲಿತರು. ಇಡೀ ಆಸ್ಪತ್ರೆಯಲ್ಲಿ ಯಾವ ಸಾಮಾನೂ ಮುಗಿಯುವುದೇ ನಿಂತುಹೋಯಿತು. ಏನು ಹುಡುಕಿದರೂ ಎಲ್ಲೋ ಒಂದು ಉಳಿದಿರುತ್ತಿತ್ತು. ಉಗ್ರಾಣದವರು ಅದನ್ನು ನೋಡಿ, ಒಂದಿದೆಯಲ್ಲ, ಅವಸರವೇನು ಎಂದು ಎರಡು ದಿನ ಬಿಟ್ಟು ಕಳಿಸುತ್ತಿದ್ದರು. ಸಿಸ್ಟರ ತಮ್ಮನಂತೂ ಮನೆಯಲ್ಲಿ ಎದೆ ಉಬ್ಬಿಸಿಕೊಂಡು, "ನೋಡಕ್ಕಾ, ಐದು ತಿಂಗಳಿಂದ ಒಂದೂ ಕೆಂಪಿಲ್ಲ" ಎಂದ. ಅಕ್ಕ, "ಹೌದು ಕಣೋ" ಎಂದು ಸಾರು ಬಡಿಸಿಕೊಂಡಳು.

ಆಮೇಲೆ ಒಂದು ಬೆಳಿಗ್ಗೆ, ಹನ್ನೊಂದು ಗಂಟೆ ದಾಟಿದ ಹೊತ್ತು, ಹೆರಿಗೆ ಕೋಣೆಯಲ್ಲಿ ಒಬ್ಬ ಹೆಂಗಸಿಗೆ ಹೆಣ್ಣು ಮಗು ಆಯಿತು. ಚೊಚ್ಚಲು. ಮಗು ಗಟ್ಟಿಯಾಗಿ ಅತ್ತಿತು. ತಾಯಿಗೆ ರಕ್ತ ನಿಲ್ಲಲಿಲ್ಲ. ಮೊದಲು ಕೊಡುವ ಔಷಧಿ ಕೊಟ್ಟರೂ ಫಲವಾಗಲಿಲ್ಲ. ಡಾಕ್ಟರಮ್ಮ ಎರಡನೆಯ ಇಂಜೆಕ್ಷನ್ ಕೇಳಿದರು. ಆ್ಯಪ್ ಪ್ರಕಾರ ಅದು ಹೆರಿಗೆ ಕೋಣೆಯ ಫ್ರಿಜ್ಜಿನಲ್ಲೇ ಒಂದಿತ್ತು. ಫ್ರಿಜ್ಜಿನಲ್ಲಿ ಬರೀ ಅದರ ಖಾಲಿ ಡಬ್ಬ. ಆ್ಯಪ್ ಹತ್ತಿರದ್ದನ್ನು ಮೊದಲು ತೋರಿಸುತ್ತಿತ್ತು: ಹೆಂಗಸರ ವಾರ್ಡು, ಒಂದು. ಆಪರೇಷನ್ ಕೋಣೆ, ಒಂದು. ಉಗ್ರಾಣ ಪಟ್ಟಿಯ ಕೊನೆಯಲ್ಲಿತ್ತು, ಬೆರಳಿನಿಂದ ತಳ್ಳಿ ನೋಡಬೇಕು. ಉಗ್ರಾಣಕ್ಕೆ ಫೋನ್ ಮಾಡುವ ರೂಢಿ ತಪ್ಪಿತ್ತು. ಮಾಡಿದರೆ ಅವರು "ಆ್ಯಪ್ ನೋಡಿ" ಎನ್ನುತ್ತಿದ್ದರು.

ತರಲು ಹೊರಟವರು ಹೆರಿಗೆ ಕೋಣೆಯ ಆಯಾ. ಆಕೆಗೆ ಎಕ್ಸ್‌ಪ್ರೆಸ್ ಎಂದು ಅಡ್ಡಹೆಸರು. ಪ್ರಾಯದಲ್ಲಿ ಹಾಗೆ ಓಡುತ್ತಿದ್ದರಂತೆ. ಈಗ ಐವತ್ತೇಳು ವಯಸ್ಸು, ಎರಡೂ ಮೊಣಕಾಲಿಗೆ ನೋವು, ಹೆಸರು ಮಾತ್ರ ಓಡುತ್ತಲೇ ಇತ್ತು.

"ಸಿಸ್ಟರ್, ರಕ್ತ ನಿಲ್ಲಿಸೋ ಇಂಜೆಕ್ಷನ್ ಕೊಡಿ. ನಿಮ್ಮಲ್ಲಿ ಒಂದಿದೆಯಂತೆ."

ಫ್ರಿಜ್ಜಿನಲ್ಲಿ ಇಲ್ಲವೆಂದು ಸಿಸ್ಟರಿಗೆ ಗೊತ್ತಿತ್ತು. ಎರಡು ದಿನ ಹಿಂದೆ ಕೊನೆಯದನ್ನು ಎತ್ತಿದ ಕೈ ಅವರದೇ. ಆದರೂ ಫ್ರಿಜ್ ತೆರೆದರು. ಮೇಲಿನ ಖಾನೆ, ಕೆಳಗಿನ ಖಾನೆ, ಬಾಗಿಲಿನ ಖಾನೆ, ಎಲ್ಲ ನೋಡಿದರು. ಆ ಫ್ರಿಜ್ ತೆರೆದು ಮುಚ್ಚಲು ಅರೆ ನಿಮಿಷ ಏಕೆ ಕಳೆದರೆಂದು ಮುಂದೆ ಅವರಿಂದ ಯಾರಿಗೂ ವಿವರಿಸಲಾಗಲಿಲ್ಲ.

"ಮುಗಿದಿದೆ ಆಯಮ್ಮಾ. ಮೇಲೆ ನೋಡಿ."

ಮೇಲೂ ಮುಗಿದಿತ್ತು. ಆಯಾ ಕಂಬಿ ಹಿಡಿದುಕೊಂಡು ಎರಡು ಮಹಡಿ ಇಳಿದು, ಅಂಗಳ ದಾಟಿ ಉಗ್ರಾಣಕ್ಕೆ ಹೋದರು. ಅಲ್ಲಿ ಅದೇ ಇಂಜೆಕ್ಷನ್ ನಲವತ್ತು ಇತ್ತು.

ಕೇಳಿದ ಹೊತ್ತಿನಿಂದ ಕೈಗೆ ಬರಲು ಹದಿನೇಳು ನಿಮಿಷ. ತಾಯಿಯ ಜೀವ ಉಳಿಯಿತು. ಅದನ್ನು ಉಳಿಸಲು ಗರ್ಭಕೋಶ ತೆಗೆಯಬೇಕಾಯಿತು. ಬೇಗ ಸಿಕ್ಕಿದ್ದರೆ ತಪ್ಪುತ್ತಿತ್ತೇ? ತಪ್ಪಬಹುದಿತ್ತು ಎಂದರು ಡಾಕ್ಟರಮ್ಮ. ಅದಕ್ಕಿಂತ ಹೆಚ್ಚು ಹೇಳಲು ಅವರಿಗೂ ಆಗಲಿಲ್ಲ. ಆ ತಾಯಿಗೆ ಇಪ್ಪತ್ತಮೂರು ವರ್ಷ.

ಮೂರನೆಯ ದಿನ ಆಯಾಗೆ ಒಂದು ಕಾಗದ ಬಂತು. 'ತುರ್ತು ಔಷಧಿ ತರುವಲ್ಲಿ ನಿಧಾನ ಮಾಡಿದ್ದು ಕಂಡುಬಂದಿದೆ. ಕೆಲಸದಿಂದ ಏಕೆ ತೆಗೆಯಬಾರದು ಎಂಬುದಕ್ಕೆ ಗುರುವಾರ ಉತ್ತರಿಸುವುದು.' ಅದನ್ನು ಯಾರೋ ಓದಿ ಹೇಳಿದಾಗ ಆಯಾ, "ನಿಧಾನ ಹೌದಪ್ಪಾ, ಅದರಲ್ಲಿ ಸುಳ್ಳಿಲ್ಲ" ಎಂದರಂತೆ. ಈ ಮಾತು ಹೆಂಗಸರ ವಾರ್ಡಿಗೂ ಬಂದು ಮುಟ್ಟಿತು.

ಅವತ್ತು ಸಂಜೆ ಮನೆಯಲ್ಲಿ ಅಕ್ಕ ಊಟಕ್ಕೆ ಕೂರಲಿಲ್ಲ. ತಮ್ಮ ತನ್ನ ಪಾಡಿಗೆ ಮಾತಾಡುತ್ತಿದ್ದ.

"ಆ ಮುದುಕಿಗೆ ಮೊಬೈಲ್ ನೋಡೋಕೆ ಬರಲ್ಲ ಅನ್ನಿಸುತ್ತೆ. ಆ್ಯಪಲ್ಲಿ ಏನೂ ತಪ್ಪಿಲ್ಲಕ್ಕಾ. ಒಂದು ಅಂತ ತೋರಿಸಿದರೆ ಯಾರೋ ಒಂದು ಅಂತ ಒತ್ತಿರಲೇಬೇಕು."

"ನಾನೇ ಒತ್ತಿದ್ದು."

ತಮ್ಮ ತಲೆ ಎತ್ತಿದ.

"ಇಲ್ಲದೆ ಇದ್ದಿದ್ದನ್ನ?"

"ಇಲ್ಲದೆ ಇದ್ದಿದ್ದನ್ನ. ನಾನು ಮಾತ್ರ ಅಲ್ಲ, ಎಲ್ಲರೂ. ನಾನೇ ಕಲಿಸಿಕೊಟ್ಟಿದ್ದು."

"ಯಾಕಕ್ಕಾ? ನಿಜ ಒತ್ತೋಕೆ ಏನು ಕಷ್ಟ?"

"ನೀನೊಂದು ಸಲ ಒತ್ತಿ ನೋಡು. ಎರಡು ಕೈಗೂ ಗವಸು, ಮೂರು ಹಾಸಿಗೆಯಿಂದ ಕೂಗು. ಆಗ ಕೆಂಪು ಬರುತ್ತೆ, ಐವತ್ತಕ್ಷರ ಬರಿ ಅನ್ನುತ್ತೆ, ದೊಡ್ಡ ಡಾಕ್ಟರ ಫೋನಿಗೆ ಹೋಗಿ ಚಾಡಿ ಹೇಳುತ್ತೆ. ಮುಗಿದಿದ್ದು ಔಷಧಿ ಕಣೋ. ಬೈಸಿಕೊಂಡಿದ್ದು ನಾವು."

"ಅದನ್ನ ಮೊದಲೇ ಹೇಳಬಾರದಿತ್ತಾ?"

"ಕೇಳಬಾರದಿತ್ತಾ?"

ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಇಬ್ಬರನ್ನೂ ನೋಡಿದಳು. "ಏಳು ತಿಂಗಳು ಎದುರಾಬದುರು ಕೂತು ಉಂಡಿದ್ದೀರಿ. ಇವನು ಕೇಳಲಿಲ್ಲ, ನೀನು ಹೇಳಲಿಲ್ಲ. ಈಗ ಆ ಬಾಣಂತಿ ಹೆಣ್ಣುಮಗಳಿಗೆ ಯಾರು ಉತ್ತರ ಕೊಡ್ತೀರಿ?"

ತಮ್ಮ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಆಮೇಲೆ ದನಿ ತಗ್ಗಿಸಿ ಹೇಳಿದ, "ಗುರುವಾರ ನೀನು ಸುಮ್ಮನಿರಕ್ಕಾ. ಹೇಳಿದರೆ ನಿನ್ನ ಕೆಲಸಕ್ಕೂ ಕುತ್ತು, ನನ್ನ ಆ್ಯಪಿಗೂ."

"ಸುಮ್ಮನಿದ್ದರೆ ಆಯಮ್ಮನ ಕೆಲಸಕ್ಕೆ."

ಅವನು ಎದ್ದು ಕೈ ತೊಳೆಯಲು ಹೋದ.

ಗುರುವಾರ ದೊಡ್ಡ ಡಾಕ್ಟರ ಕೋಣೆಯಲ್ಲಿ ಆಯಾ ಗೋಡೆಗೆ ಆತುಕೊಂಡು ನಿಂತಿದ್ದರು. ಹೆರಿಗೆ ಕೋಣೆ, ಆಪರೇಷನ್ ಕೋಣೆಯ ನರ್ಸುಗಳನ್ನೂ ಆ್ಯಪ್ ಮಾಡಿದವನನ್ನೂ ಕರೆಸಿದ್ದರು. ಆಯಾ ಎದುರಿಗೆ ಖಾಲಿ ಕುರ್ಚಿ ಇತ್ತು. ಕೂರಿ ಎಂದು ಯಾರೂ ಹೇಳಿರಲಿಲ್ಲ. ಸಿಸ್ಟರ್ ಒಳಗೆ ಬಂದವರೇ ಮೊದಲು ಅವರನ್ನು ಕೂರಿಸಿದರು. ಆಮೇಲೆ ಹೇಳಿದರು. ನಮ್ಮ ವಾರ್ಡಿನ ಆ 'ಒಂದು' ಸುಳ್ಳು, ಒತ್ತಿದವಳು ನಾನು, ಉಳಿದವರಿಗೆ ಕಲಿಸಿದವಳೂ ನಾನು.

"ಯಾಕೆ ಹೀಗೆ ಮಾಡಿದಿರಿ?" ಎಂದರು ದೊಡ್ಡ ಡಾಕ್ಟರು.

"ನಿಮಗೆ ಹೆದರಿ, ಸರ್."

 ಆಪರೇಷನ್ ಕೋಣೆಯ ನರ್ಸು ಎದ್ದು, "ನಮ್ಮದೂ ಸುಳ್ಳೇ ಸರ್" ಎಂದಳು. ಹೆರಿಗೆ ಕೋಣೆಯವಳೂ ಎದ್ದಳು. ಮೂಲೆಯಲ್ಲಿ ಕೂತಿದ್ದ ತಮ್ಮ ಕೊನೆಗೆ ಎದ್ದ. ಅವನನ್ನು ಯಾರೂ ಕೇಳಿರಲಿಲ್ಲ. "ಕೆಂಪು ನಾನು ಮಾಡಿದ್ದು ಸರ್. ಸಾಮಾನು ತರಿಸೋಕೆ ಅಂತ ಮಾಡಬೇಕಿತ್ತು. ತಪ್ಪು ಹಿಡಿಯೋಕೆ ಅಂತ ಮಾಡಿಬಿಟ್ಟೆ."

ಆಯಾಗೆ ಕೊಟ್ಟ ಕಾಗದ ವಾಪಸಾಯಿತು. ಸಿಸ್ಟರಿಗೆ ಹೊಸ ಕಾಗದ ಬಂತು, ಮೂರು ವರ್ಷ ಬಡ್ತಿ ಇಲ್ಲವೆಂದು. ಅವರು ಅದಕ್ಕೆ ಎದುರು ಅರ್ಜಿ ಹಾಕಲಿಲ್ಲ.

ಆ್ಯಪನ್ನು ಬಿಚ್ಚಿ ಮತ್ತೆ ಕಟ್ಟಲು ತಮ್ಮ ಕೂತ. ಈ ಸಲ ಮೀಟಿಂಗ್ ಮಾಡಲಿಲ್ಲ, ಆಯಮ್ಮನ ಹಿಂದೆ ಹತ್ತು ದಿನ ನಡೆದ. ಮೂರನೆಯ ದಿನಕ್ಕೆ ಅವನ ಮೊಣಕಾಲೂ ಮಾತಾಡತೊಡಗಿತು.

"ನೀನು ಎಲ್ಲಿದೆ ಅಂತ ತೋರಿಸ್ತೀಯಲ್ಲಪ್ಪಾ, ಎಲ್ಲಿ ಇಲ್ಲ ಅಂತಾನೂ ತೋರಿಸು. ಮೆಟ್ಟಿಲು ಉಳಿಯುತ್ತೆ" ಎಂದರು ಆಯಾ.

ಈ ಮಾತಿನ ಮೇಲೆಯೇ ಹೊಸ ಆ್ಯಪ್ ನಿಂತಿತು. ಸೊನ್ನೆಗೆ ಒಂದು ದೊಡ್ಡ ಗುಂಡಿ, ಗವಸು ಹಾಕಿದ ಬೆರಳಿಗೂ ಸಿಗುವಷ್ಟು. ಒತ್ತಿದರೆ ಕಾರಣ ಕೇಳುವುದಿಲ್ಲ. ಸುದ್ದಿ ದೊಡ್ಡ ಡಾಕ್ಟರಿಗೆ ಹೋಗುವುದಿಲ್ಲ, ನೇರ ಉಗ್ರಾಣಕ್ಕೆ ಹೋಗುತ್ತದೆ. ಅವರು 'ಹೊರಟೆವು' ಎಂದು ತಿರುಗಿ ಒತ್ತಬೇಕು. ಪ್ರತಿ ಸಾಮಾನಿನ ಪಕ್ಕ ಅದನ್ನು ಕೊನೆಗೆ ಎಣಿಸಿದ್ದು ಯಾವಾಗ ಎಂದಿರುತ್ತದೆ. ಮೂರು ದಿನದ ಹಿಂದಿನ ಲೆಕ್ಕ ನಂಬಿ ಯಾರೂ ಮೆಟ್ಟಿಲು ಹತ್ತುವಂತಿಲ್ಲ. ಓದಲು ಕಷ್ಟಪಡುವವರಿಗೆ ಡಬ್ಬದ ಚಿತ್ರವಿದೆ. ಹೆಚ್ಚು ಇರುವ ಜಾಗ ಪಟ್ಟಿಯ ಮೇಲೆ ಬರುತ್ತದೆ.

ಹೊಸ ಆ್ಯಪ್ ಶುರುವಾದ ಬೆಳಿಗ್ಗೆ ದೊಡ್ಡ ಡಾಕ್ಟರು ತಾವಾಗಿಯೇ ಪರದೆ ನೋಡಿ ಗಾಬರಿಯಾದರು.

"ಅರವತ್ತಮೂರು ಸೊನ್ನೆ! ಇಷ್ಟೊಂದು ಸಾಮಾನು ಯಾವಾಗ ಮುಗಿಯಿತು?"

"ಯಾವಾಗಲೋ ಮುಗಿದಿದ್ದು ಸರ್" ಎಂದರು ಸಿಸ್ಟರ್. "ಇವತ್ತು ನಿಮಗೆ ಕಾಣ್ತಿದೆ."

ಸಂಜೆಯೊಳಗೆ ಅರವತ್ತಮೂರು ಇಪ್ಪತ್ತಕ್ಕೆ ಇಳಿಯಿತು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದು ಮುಗಿಸಬಹುದಿತ್ತು. ಆದರೆ ಒಂದು ದಿನ ಆ ತಾಯಿ ಮಗುವಿಗೆ ಲಸಿಕೆ ಹಾಕಿಸಲು ಬಂದಳು. ಸಿಸ್ಟರ್ ಅವಳನ್ನು ಪಕ್ಕಕ್ಕೆ ಕರೆದು ಬೆಂಚಿನ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದರು, ಫ್ರಿಜ್ ತೆರೆದದ್ದನ್ನೂ ಸೇರಿಸಿ. ಅವಳು ಮಗುವಿನ ಟೋಪಿ ಸರಿಮಾಡುತ್ತಾ ಕೇಳಿಸಿಕೊಂಡಳು.

"ನನ್ನ ಮೈಯಲ್ಲೇ ಏನೋ ಕೊರತೆ ಅಂದುಕೊಂಡಿದ್ದೆ. ಅತ್ತೆಯೂ ಹಾಗೇ ಅಂತಾರೆ, ದಿನಾ."

"ನಾನು ಬಂದು ಅವರಿಗೆ ಹೇಳಲಾ?"

"ಬನ್ನಿ."

ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ. ಸಿಸ್ಟರ್ ಕೇಳಲೂ ಇಲ್ಲ. ಭಾನುವಾರ ಅಕ್ಕ, ತಮ್ಮ ಇಬ್ಬರೂ ಆ ಮನೆಗೆ ಹೋದರು. ಅತ್ತೆ ಪೂರ್ತಿ ಕೇಳಿಸಿಕೊಂಡು, ಸೊಸೆಯ ಮುಖ ನೋಡಲಾರದೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. 

ಆಸ್ಪತ್ರೆಗೆ ಆ್ಯಪ್ ಮಾಡುವವರೇ, ಮೊದಲು ಮೆಟ್ಟಿಲು ಹತ್ತುವವರನ್ನು ಕೇಳಿ. ಅವರು ನಿಮ್ಮ ಮನೆಯಲ್ಲೇ ಇದ್ದರೂ ಕೇಳಿ. ದೊಡ್ಡ ಕುರ್ಚಿಯಲ್ಲಿ ಕೂತವರೇ, ಮುಗಿದಿದೆ ಎಂದವರನ್ನು ಗದರಿಸಬೇಡಿ, ತರಿಸಿಕೊಡಿ. ವಾರ್ಡಿನಲ್ಲಿ ದುಡಿಯುವ ಅಕ್ಕ ಅಣ್ಣಂದಿರೇ, ಕೊನೆಯದು ಎತ್ತಿದ ಕೂಡಲೇ ಸೊನ್ನೆ ಒತ್ತಿ. ಆ್ಯಪ್ ಇಲ್ಲದ ಕಡೆ ಪುಸ್ತಕದಲ್ಲಿ ಬರೆಯಿರಿ, ಅದೂ ಇಲ್ಲದ ಕಡೆ ಬಾಯಿ ಬಿಟ್ಟು ಹೇಳಿ. ಯಾರಾದರೂ ಬೈದರೆ ಬೈಸಿಕೊಳ್ಳಿ. ಬೈಗುಳ ಸಂಜೆ ಮನೆ ಮುಟ್ಟುವಷ್ಟರಲ್ಲಿ ಮರೆತುಹೋಗಿರುತ್ತದೆ.