ಇಮಾಮ್ ಸಾಬರ ಚಕ್ರ

ಆ ಬೆಳಗ್ಗೆ ಆಷಾಢದ ಗಾಳಿ ಶಿರಾ ಊರಿನ ಮೇಲೆ ಬಿದ್ದು ಹೊರಳಾಡುತ್ತಿತ್ತು. ಮೋಡಗಳೇನೋ ಬಂದಿದ್ದವು, ನಿಲ್ಲುವ ಮನಸ್ಸಿಲ್ಲದೆ ಪಾವಗಡದ ದಿಕ್ಕಿಗೆ ಓಡುತ್ತಿದ್ದವು. ಹನಿ ಬೀಳಲಿಲ್ಲ. ಧೂಳು ಮಾತ್ರ ಮನೆಮನೆಗೂ ಹೊಕ್ಕು, ಮುಚ್ಚಿಟ್ಟ ಪಾತ್ರೆಯೊಳಗೂ ತೆಳ್ಳಗೆ ಕೂತಿತ್ತು.

ಇಂಥ ದಿನ ಸಮ್ರೀನ್ ಹಿಂದಿನ ಕೋಣೆಯ ಕಿಟಕಿ ಮುಚ್ಚಿಕೊಂಡು ಕೆಲಸಕ್ಕೆ ಕೂರುತ್ತಿದ್ದಳು. ಸೈಕಲ್ ಚಕ್ರದ ಸೊಟ್ಟ ತೆಗೆಯುವುದು ಅವಳ ಕೆಲಸ. ಹಳೇ ಸೈಕಲ್ಲಿನ ಫೋರ್ಕನ್ನು ತಲೆಕೆಳಗು ಮಾಡಿ ಹಲಗೆಗೆ ಬಿಗಿದ ಸ್ಟ್ಯಾಂಡೊಂದಿತ್ತು. ಅದರಲ್ಲಿ ಚಕ್ರ ಸಿಕ್ಕಿಸಿ ತಿರುಗಿಸಿದರೆ, ಪಕ್ಕದಲ್ಲಿ ಹಿಡಿದ ಬಳಪ ರಿಮ್ಮು ಎಲ್ಲಿ ಸೊಟ್ಟಗಿದೆಯೋ ಅಲ್ಲಿ ಗೀರು ಎಳೆಯುತ್ತದೆ. ಅಲ್ಲಿ ಈ ಬದಿಯ ಕಡ್ಡಿಯನ್ನು ಕೂದಲೆಳೆಯಷ್ಟು ಸಡಿಲಿಸಿ, ಆ ಬದಿಯದನ್ನು ಅಷ್ಟೇ ಬಿಗಿ ಮಾಡಬೇಕು. ಬರೀ ಬಿಗಿ ಮಾಡುತ್ತ ಹೋದರೆ ಚಕ್ರ ಮೊಟ್ಟೆಯಾಗುತ್ತದೆ. ಕೊನೆಗೆ ಕಡ್ಡಿಗಳನ್ನು ಬೆರಳಲ್ಲಿ ಮೀಟಿ ಕಿವಿಗೊಡಬೇಕು. ಒಂದು ಬದಿಯವೆಲ್ಲ ಒಂದೇ ದನಿಯಲ್ಲಿ ಓಗೊಟ್ಟವೋ, ಚಕ್ರ ಕೂತಿತು ಎಂದು ಅರ್ಥ.

ಹಾಗೆ ಕೂತ ಚಕ್ರಕ್ಕೆ ಶಿರಾದಲ್ಲೂ ಮಧುಗಿರಿಯಲ್ಲೂ ಒಂದು ಹೆಸರಿತ್ತು: ಇಮಾಮ್ ಸಾಬರ ಚಕ್ರ.

ಇಮಾಮ್ ಸಾಬರು ಸಮ್ರೀನಳ ತಂದೆ. ಹೆಸರು ಸುಮ್ಮನೆ ಬಂದದ್ದಲ್ಲ, ಒಂದು ಕಾಲಕ್ಕೆ ಅವರ ಕೈಯಲ್ಲಿ ಬರಕತ್ತಿತ್ತು. ಆಮೇಲೆ ಆ ಕೈ ನಡುಗತೊಡಗಿತು. ಅದೇ ವರ್ಷ ಸಮ್ರೀನ್ ಪಾವಗಡದ ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದು ಹಿಂತಿರುಗಿದಳು. ತಂದೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು, ಮಗಳು ಕಲಿತಳು. ಮುಂದಿನ ಕೋಣೆಯ ಅಂಗಡಿಯಲ್ಲಿ ಅವರು ಪಂಕ್ಚರ್ ಹಾಕುತ್ತ ಕೂತರೆ, ಬಂದ ಚಕ್ರಗಳೆಲ್ಲ ಪರದೆ ದಾಟಿ ಒಳಗೆ ಹೋಗಿ, ಮಾರನೇ ದಿನ ನೆಟ್ಟಗಾಗಿ ಹೊರಗೆ ಬರುತ್ತಿದ್ದವು. "ಏನ್ ಕೈ ಸಾಬ್ರೇ ನಿಮ್ದು!" ಎಂದು ಜನ ಹೊಗಳಿದರೆ ಅವರು ಆಕಾಶ ನೋಡಿ, "ಎಲ್ಲಾ ಅವನ್ದು" ಎನ್ನುತ್ತಿದ್ದರು. ಸುಳ್ಳಂತೂ ಅಲ್ಲ. ಕೆಲಸವನ್ನು ಯಾರ ಕೈಗೆ ಇಡಬೇಕೋ ಮೇಲಿರುವವನು ಇಡುತ್ತಾನೆ. ಅದು ಯಾರ ಕೈ ಎಂದು ಊರಿಗೆ ಹೇಳುವುದನ್ನು ಮಾತ್ರ ಮನುಷ್ಯರಿಗೆ ಬಿಟ್ಟಿದ್ದಾನೆ.

ಮೂರು ಜನರ ಆ ಮನೆಯ ಒಲೆ ಉರಿಯುತ್ತಿದ್ದುದು ಈ ಚಕ್ರಗಳಿಂದಲೇ. ಸಮ್ರೀನಳಿಗೆ ದುಡ್ಡಿನ ಆಸೆಯಿರಲಿಲ್ಲ. ಒಂದು ಸಲ, ಒಬ್ಬರೆದುರಿಗಾದರೂ, ತಂದೆಯ ಬಾಯಲ್ಲಿ "ಇದು ನನ್ನ ಮಗಳ ಕೆಲಸ" ಎಂಬ ಮಾತು ಬರಲೆಂದು ಅವಳು ನಮಾಜಿನ ಕೊನೆಗೆ ಕೈಯೆತ್ತಿ ಬೇಡುತ್ತಿದ್ದಳು.

ಗಾಳಿಯ ಆ ಬೆಳಗ್ಗೆ ಅವಳು ಕೋಣೆಗೆ ಬಂದರೆ ಸ್ಟ್ಯಾಂಡೂ ಇಲ್ಲ, ಮೊಳೆಗೆ ನೇತುಹಾಕಿದ್ದ ಕಡ್ಡಿ ತಿರುಗಿಸುವ ದೊಡ್ಡ ಕೀಯೂ ಇಲ್ಲ.

"ಅಮ್ಮಿ, ಸ್ಟ್ಯಾಂಡ್ ಎಲ್ಲಿ?"

ತಾಯಿ ಅಫ್ಜಲುನ್ನೀಸಾ ರೊಟ್ಟಿ ತಟ್ಟುತ್ತ, ತಲೆಯೆತ್ತದೆ ಹೇಳಿದಳು. "ನಿಮ್ಮಬ್ಬಾ ಆಟೋದಾಗೆ ಹಾಕ್ಕೊಂಡ್ ಹೋದ್ರು. ಆ ಕೊರಟಗೆರೆ ಭೀಮರಾಜು ಇಲ್ಲ, ಇಲ್ಲೇ ಪ್ಯಾಟೆಯಾಗೆ ಹೊಸದಾಗಿ ಗೇರ್ ಸೈಕಲ್ ಅಂಗ್ಡಿ ಇಟ್ಟವ್ನಲ್ಲ, ಅವ್ನು ನೆನ್ನೆ ಬಂದಿದ್ದ. ಗಿರಾಕಿಗಳ ಮುಂದೆ ಕೂತು ಚಕ್ರ ಕೂರ್ಸಿ ತೋರ್ಸಿ ಸಾಬ್ರೇ, ಊರೇ ನೋಡ್ಲಿ ಅಂದ. ಇವ್ರು ಹೂಂ ಅಂದ್ಬುಟ್ರು."

"ಅಬ್ಬಾ ಕೈಲಿ ಟೀ ಲೋಟ ನಿಲ್ಲಲ್ಲ ಅಮ್ಮಿ!"

"ನಾನೂ ಅದೇ ಅಂದೆ. ಬಿಸ್ಮಿಲ್ಲಾ ಅಂದ್ರೆ ಕೈ ನಿಲ್ತದೆ ಕಣೇ ಅಂದ್ರು. ಅದ್ಕೆ ನಾನೇನ್ ಹೇಳ್ಲಿ?"

ಸಮ್ರೀನಳಿಗೆ ದಿಗಿಲಾದದ್ದು ಕೈ ನಡುಗುವುದಕ್ಕಲ್ಲ. ತಂದೆ ಒಯ್ದ ಕೀ ಹಳೇ ಕಾಲದ ಕರೀ ಸೈಕಲ್ಲಿನ ದಪ್ಪ ಕಡ್ಡಿಗಳದು. ಗೇರ್ ಸೈಕಲ್ಲಿನ ಕಡ್ಡಿ ಸಣ್ಣ, ಅದರ ತುದಿಯ ಹಿತ್ತಾಳೆ ನಟ್ಟು ಇನ್ನೂ ಸಣ್ಣ. ದೊಡ್ಡ ಕೀ ಹಾಕಿದರೆ ಅದು ಹಿಡಿಯದೆ ಜಾರುತ್ತದೆ, ಜಾರಿಜಾರಿ ನಟ್ಟಿನ ಮೂಲೆಗಳನ್ನು ತಿಂದು ಗುಂಡಗೆ ಮಾಡುತ್ತದೆ. ಆಮೇಲೆ ಯಾವ ಕೀಗೂ ಅದು ಸಿಗುವುದಿಲ್ಲ. ಗೇರ್ ಸೈಕಲ್ ಮನೆಗೆ ಬರತೊಡಗಿದ್ದೇ ತಂದೆಯ ಕೈ ನಡುಗತೊಡಗಿದ ಮೇಲೆ. ಒಂದನ್ನೂ ಅವರು ಮುಟ್ಟಿದವರಲ್ಲ. ಅದಕ್ಕೆಂದು ಅವಳು ಮುರಿದ ಪಾನಾದ ತುಂಡೊಂದನ್ನು ಅರದಲ್ಲಿ ಉಜ್ಜಿ ಉಜ್ಜಿ, ನಟ್ಟಿಗೆ ಉಗುರು ಕೂತಂತೆ ಕೂರುವ ಸಣ್ಣ ಕೀಯೊಂದನ್ನು ತಾನೇ ಮಾಡಿಕೊಂಡಿದ್ದಳು. ಅದು ಅವಳ ಪೆಟ್ಟಿಗೆಯಲ್ಲೇ ಇತ್ತು.

ರೊಟ್ಟಿಯನ್ನು ಡಬ್ಬಿಗೆ ಹಾಕಿ, ಸಣ್ಣ ಕೀಯನ್ನು ಬಟ್ಟೆಯಲ್ಲಿ ಸುತ್ತಿ ರೊಟ್ಟಿಯ ಕೆಳಗಿಟ್ಟು, ತಲೆಗೆ ಸೆರಗು ಬಿಗಿದು ಹೊರಟಳು. ಊಟ ಕೊಡುವ ನೆಪದಲ್ಲಿ ಕೀ ದಾಟಿಸಿದರೆ ಯಾರಿಗೂ ತಿಳಿಯದು, ತಂದೆಯ ಮಾನವೂ ಉಳಿಯುತ್ತದೆ. ಎದುರುಗಾಳಿ ಅವಳನ್ನು ಹೆಜ್ಜೆಹೆಜ್ಜೆಗೂ ಹಿಂದಕ್ಕೆ ತಳ್ಳಿತು.

ಭೀಮರಾಜುವಿನ ಅಂಗಡಿ ಮುಂದೆ ಜನ ಸೇರಿತ್ತು. ನಡುವೆ ಹೊಸ ಜಮಖಾನದ ಮೇಲೆ ಇಮಾಮ್ ಸಾಬರು ಬಿಳಿ ಟೋಪಿ ತೊಟ್ಟು, ಮದುಮಗನಂತೆ ಕೂತಿದ್ದರು. ಸ್ಟ್ಯಾಂಡಿನಲ್ಲಿ ಚಕ್ರ ತಿರುಗುತ್ತಿತ್ತು. ತಿರುಗುತ್ತಿರಲಿಲ್ಲ, ಕುಂಟುತ್ತಿತ್ತು. ಕೀ ಜಾರಿದಾಗಲೆಲ್ಲ ಕಿರ್ರೆನ್ನುವ ಸದ್ದು, ನೆಲದ ಮೇಲೆ ಹಿತ್ತಾಳೆಯ ಹೊಳೆಯುವ ಪುಡಿ.

"ಸಾಬ್ರೇ, ಬೆಳಗ್ಗೆ ಭೀಮರಾಜು ತಂದಿಟ್ಟಾಗ ಬರೀ ಸೊಟ್ಟ ಇತ್ತು. ಈಗ ನೋಡಿದ್ರೆ ಒಳ್ಳೆ ಕುಂಬಳಕಾಯಿ ಆಗೈತೆ!" ಎಂದ ಹಾಲಿನ ಚಿಕ್ಕನರಸಯ್ಯ, ಸೈಕಲ್ಲಿನ ಎರಡು ಬದಿಗೂ ಕ್ಯಾನು ನೇತುಹಾಕಿಕೊಂಡು ನಿಂತಿದ್ದವನು. ಜನ ನಕ್ಕರು.

"ಸುಮ್ನಿರ್ಲಾ ನರಸಯ್ಯ," ಎಂದು ಗದರಿದ ಭೀಮರಾಜು. ಆದರೆ ಅವನ ಮುಖವೂ ಸಪ್ಪಗಾಗಿತ್ತು. "ಏನಾಯ್ತು ಸಾಬ್ರೇ? ನಿಮ್ ಕೈಯಾಗೆ ಇಂಗಾಯ್ತದಾ?"

ಇಮಾಮ್ ಸಾಬರು ತಲೆಯೆತ್ತಿದರು. ಜನರ ಹಿಂದೆ, ಡಬ್ಬಿ ಹಿಡಿದು ನಿಂತ ಮಗಳು ಕಂಡಳು. ಮುಳುಗುವವನ ಕೈಗೆ ಸಿಕ್ಕಿದ್ದು ಹುಲ್ಲೋ ಹಾವೋ ನೋಡಲು ಪುರಸೊತ್ತಿರುವುದಿಲ್ಲ. ಅವರು ಕೀಯನ್ನು ಎತ್ತಿ ಹಿಡಿದರು.

"ಕೈದೇನ್ ತಪ್ಪಿಲ್ಲ ರಾಜು. ಕೀ ಹಾಳಾಗೈತೆ. ಮನೇಲಿ ನನ್ ಮಗ್ಳು ಇದ್ನ ಎತ್ಕೊಂಡು ಅದೂ ಇದೂ ಕೆದ್ಕಿ ಹಾಳ್ ಮಾಡ್ಬುಟ್ಟವ್ಳೆ. ಹೆಣ್ಮಕ್ಳ ಕೈಗೆ ಸಾಮಾನ್ ಸಿಗಬಾರ್ದು ನೋಡು."

ಜನ ತಿರುಗಿ ಅವಳನ್ನು ನೋಡಿದರು. "ಅಯ್ಯೋ, ಬುಡಮ್ಮ," ಎಂದು ಚಿಕ್ಕನರಸಯ್ಯ ಕನಿಕರದಿಂದಲೇ ಅಂದ. "ಇನ್ಮೇಲೆ ಮುಟ್ಬೇಡ ಕಣಮ್ಮ."

ನಿಜ ಹೊರಬೀಳಲು ಸಮ್ರೀನಳ ಒಂದು ಮಾತು ಸಾಕಿತ್ತು. ಬೇಡಿದ ಮಾತು ಬಂದೇ ಬಿಟ್ಟಿತಲ್ಲ ದೇವರೇ, ಇಷ್ಟು ಜನರೆದುರು ಅಬ್ಬಾ ಬಾಯಲ್ಲಿ ನನ್ನ ಮಾತು ಬಂತು ಎಂದುಕೊಂಡಳು. ಡಬ್ಬಿಯನ್ನು ತಂದೆಯ ಮುಂದಿಟ್ಟು, ಬಂದ ದಾರಿಯಲ್ಲಿ ಹಿಂತಿರುಗಿದಳು. ಬರುವಾಗ ಗಾಳಿ ಬೆನ್ನಿಗಿತ್ತು. ಆದರೂ ಮನೆ ದೂರವಾಯಿತು.

ಸಂಜೆ ಇಮಾಮ್ ಸಾಬರು ಆಟೋದಲ್ಲಿ ಬಂದರು. ಸ್ಟ್ಯಾಂಡಿನ ಜೊತೆಗೆ ಆ ಕೆಟ್ಟ ಚಕ್ರವೂ, ಭೀಮರಾಜುವಿನ ಇನ್ನಷ್ಟು ಚಕ್ರಗಳೂ ಬಂದವು. ಡಬ್ಬಿಯಲ್ಲಿ ರೊಟ್ಟಿಯ ಅಡಿಗಿದ್ದ ಕೀಯನ್ನು ಅವರು ಕಂಡಿದ್ದರು. ಅದನ್ನು ಒಲೆಯ ಪಕ್ಕ ಇಟ್ಟು, "ಮನೇಲೇ ಕೂತು ಮಾಡ್ಕೊಡ್ತೀನಿ ಅಂತ ಹೇಳ್ಬಂದೀನಿ ಬೇಟಿ," ಎಂದರು.

"ಮಾಡ್ಕೊಡಿ ಅಬ್ಬಾ," ಎಂದಳು ಸಮ್ರೀನ್. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವರನ್ನು ಹೆದರಿಸಿತು.

ಅವಳು ಚಕ್ರ ಮುಟ್ಟಲಿಲ್ಲ. ಅಡಿಗೆ ಮಾಡಿದಳು, ನೀರು ತಂದಳು, ತಂದೆ ನಮಾಜಿಗೆ ಮುನ್ನ ಕೈಕಾಲು ತೊಳೆಯುವ ವುಜೂಗೆ ತಂಬಿಗೆ ತುಂಬಿ ಇಟ್ಟಳು. ಚಕ್ರಗಳು ಗೋಡೆಗೊರಗಿ ಧೂಳು ಹಿಡಿದವು. ಮಧುಗಿರಿಯಿಂದ ಬಂದವರನ್ನು ಇಮಾಮ್ ಸಾಬರು ನಾಳೆ ಬಾ, ನಾಡಿದ್ದು ಬಾ ಎಂದು ಕಳಿಸಿದರು. ತಾಯಿ ಹಿಟ್ಟಿನ ಡಬ್ಬ ಕೆರೆಯುವ ಸದ್ದು ಒಂದು ದಿನ ಮನೆಗೆಲ್ಲ ಕೇಳಿತು.

ಶುಕ್ರವಾರ ನಮಾಜು ಮುಗಿಸಿ ಅವರು ಬರುವ ಹೊತ್ತಿಗೆ ಭೀಮರಾಜುವೇ ಮನೆ ಬಾಗಿಲಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿದ್ದ. ಮಸೀದಿಯಲ್ಲಿ ಏನು ಕೇಳಿಕೊಂಡರೋ, ಅಥವಾ ಹಸಿವೇ ಮಾತಾಡಿಸಿತೋ, ಇಮಾಮ್ ಸಾಬರು ಜಗುಲಿಯ ಮೇಲೆ ಕುಸಿದು ಕೂತು ನಡುಗುವ ಎರಡೂ ಕೈಗಳನ್ನು ಅವನ ಮುಂದೆ ಚಾಚಿದರು.

"ನೋಡಪ್ಪ ರಾಜು. ಈ ಕೈ ಚಕ್ರ ಮುಟ್ಟಿ ವರ್ಷಗಳಾದ್ವು. ನೀವೆಲ್ಲ ಹೊಗಳೋದು ನನ್ ಮಗಳ ಕೈನ. ಅವತ್ತು ನಾನಾಡಿದ್ದು ಸುಳ್ಳು."

ಪರದೆಯ ಹಿಂದೆ ಸಮ್ರೀನಳ ಎದೆ ತುಂಬಿ ಬಂತು. ಅವಳು ಪರದೆಯನ್ನು ಮುಖಕ್ಕೊತ್ತಿ ಹಿಡಿದಳು.

ಭೀಮರಾಜು ಬೀದಿಯ ಆಕಡೆ ಈಕಡೆ ನೋಡಿ ದನಿ ತಗ್ಗಿಸಿದ. "ನಂಗೆ ಹೇಳಿದ್ರಿ, ಆಯ್ತು. ಇನ್ಯಾರ್ಗೂ ಹೇಳ್ಬೇಡಿ ಸಾಬ್ರೇ. ಹೆಂಗಸ್ರು ಕೂರ್ಸಿದ್ ಚಕ್ರ ಅಂದ್ರೆ ದುರ್ಗದ ದಿಣ್ಣೆ ಮೇಲಿಂದ ಗೇರ್ ಸೈಕಲ್ ಇಳ್ಸೋ ಹುಡುಗ್ರು ನಂಬ್ತಾರಾ? ನಾಳೆ ಯಾವನೋ ಬಿದ್ರೆ ನಿಮ್ ಮಗಳ್ನೇ ಬೈಯ್ತಾರೆ. ಕೆಲ್ಸ ಆಯಮ್ಮ ಮಾಡ್ಲಿ, ಹೆಸ್ರು ನಿಮ್ದೇ ಇರ್ಲಿ. ಇಷ್ಟ್ ದಿನ ಹೆಂಗಿತ್ತೋ ಅಂಗೇ."

"ಅದೂ ಸರಿನೇ," ಎಂದರು ಇಮಾಮ್ ಸಾಬರು.

ಅವರ ಮುಖದ ಮೇಲೆ ಹೊರೆ ಇಳಿಸಿ ನೆರಳಿಗೆ ಕೂತವನ ನೆಮ್ಮದಿ ಹರಡಿತು. ಸಮ್ರೀನ್ ಅದನ್ನು ಪರದೆಯ ಸಂದಿನಿಂದ ನೋಡಿದಳು. ಜನರೆದುರು ಅಂದ ಸುಳ್ಳಿಗಿಂತ ಆ ನೆಮ್ಮದಿ ಅವಳನ್ನು ಹೆಚ್ಚು ಸುಟ್ಟಿತು.

ಅವಳು ಸ್ಟ್ಯಾಂಡು ಹೊತ್ತು ಹೊರಬಂದು, ಬೀದಿಗೆ ಕಾಣುವ ಹಾಗೆ ಜಗುಲಿಯ ಮೇಲೆ ಇಟ್ಟಳು. ತಂದೆ ಕೆಡಿಸಿದ ಚಕ್ರ ಸಿಕ್ಕಿಸಿದಳು. ಮೂಲೆ ಸವೆದ ನಟ್ಟುಗಳನ್ನು ಇಕ್ಕಳದಲ್ಲಿ ಒಂದೊಂದೇ ಬಿಚ್ಚಿ ಹೊಸವನ್ನು ಹಾಕಿದಳು. ಸಣ್ಣ ಕೀ ಸದ್ದಿಲ್ಲದೆ ತಿರುಗಿತು. ದಾರಿಹೋಕರು ನಿಂತರು. "ಒಳಗ್ ಹೋಗಿ ಮಾಡಮ್ಮ," ಎಂದ ಭೀಮರಾಜು. "ಬೇಟಿ," ಎಂದರು ತಂದೆ. ಅವಳು ಕಡ್ಡಿ ಮೀಟಿದಳು, ಕಿವಿಗೊಟ್ಟಳು, ಮತ್ತೆ ಮೀಟಿದಳು.

ಚಕ್ರ ಕೂತಿತು.

ಭೀಮರಾಜುವಿನ ಉಳಿದ ಚಕ್ರಗಳನ್ನು, ಸೊಟ್ಟ ತೆಗೆಯದೆ, ಬಂದಿದ್ದ ಹಾಗೆಯೇ ತಂದು ಸ್ಕೂಟರಿನ ಪಕ್ಕ ಒರಗಿಸಿದಳು. ಸಮ್ರೀನ್ ಸೆರಗಿನಲ್ಲಿ ರಿಮ್ಮಿನ ಮೇಲಿನ ಬಳಪದ ಗೀರು ಒರೆಸಿ, ತಮ್ಮಿಂದ ಕೆಟ್ಟಿದ್ದ ಆ ಒಂದು ಚಕ್ರವನ್ನು ಭೀಮರಾಜುವಿನ ಕೈಗೆ ಕೊಟ್ಟಳು.