ನಾಲ್ಕು ಬೆರಳಿನ ಸಂದು

ಕಣ್ಣಿಗೆ ಏನೋ ಬಿತ್ತು, ತುಕ್ಕು, ಇನ್ನೇನು ಬೀಳತ್ತೆ ಲಿಫ್ಟಿಗೇರಿಸಿದ ಈ ಕಾರಿನ ಕೆಳಗೆ ನಿಂತ್ರೆ, ಹೂವಾ, ಪ್ರತಿ ಚಳಿಗಾಲ ಹಿಮ ಕರಗ್ಲಿ ಅಂತ ರಸ್ತೆಗೆ ಸುರಿಯೋ ಉಪ್ಪೆಲ್ಲ ಬಂದು ಇಲ್ಲೇ ಸಂಸಾರ ಹೂಡಿದೆ, ಬೋಲ್ಟು ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ — ಟೋಪಿ ಹಾಕ್ಕೊಳ್ಳೇ ಬೊಂಗ್‌ಹಿ, ಕೂದಲೆಲ್ಲ ಎಣ್ಣೆ ಆಗತ್ತೆ, ಶುರುವಾಯ್ತು ಅಮ್ಮಂದು, ಹೀಟರ್ ಪಕ್ಕ ಕುರ್ಚಿ ಹಾಕಿ ಕೂರಿಸಿದೀನಿ, ಬಾರ್ಲಿ ಚಹಾದ ಲೋಟ ಕೊಟ್ಟಿದೀನಿ, ಕುಡಿಯೋಕಲ್ಲ, ಕುಡಿಯೋ ಹಾಗಿಲ್ಲ, ಕೈ ಬೆಚ್ಚಗಾಗ್ಲಿ ಅಂತ, ಆದ್ರೂ ಬಾಯಿಗೆ ಬಿಡುವಿಲ್ಲ. ಮಾಡ್ತಿರೋದು ಯಾರಿಗೋಸ್ಕರ ತಾಯೀ, ನಿನಗೋಸ್ಕರ, ಭಾನುವಾರ ಊರೆಲ್ಲ ಹೊದ್ದು ಮಲಗಿದೆ, ನನ್ನ ಗಂಡ ಡಾಲ್ಸು ಮಹಾಶಯರು ಹಳೇ ಸ್ಕೂಲಿನ ಗೆಳೆಯರ ಜೊತೆ ಬೆಟ್ಟ ಹತ್ತೋಕೆ ಹೋಗಿದಾರೆ, ಹೆಂಡತಿ ಇಲ್ಲಿ ಲಿಫ್ಟು ಬಾಡಿಗೆಗೆ ತಗೊಂಡು ಗಾಡಿ ಕೆಳಗೆ ನಿಂತಿದಾಳೆ, ಗ್ಯಾರೇಜಿನ ಪ್ಯೋ ಬೇರೆ ಬಂದು ಬಂದು ಏನ್ರಮ್ಮಾ, ಯಜಮಾನ್ರು ಬರ್ಲಿಲ್ವಾ ಅಂತಾನೆ, ಇಲ್ಲಪ್ಪಾ, ಅವರು ಬಂದಿದ್ರಿಂದ್ಲೇ ಈ ಗತಿ ಅಂತ ಹೇಳ್ಬೇಕು ಅನ್ಸತ್ತೆ, ಹೇಳಲ್ಲ. ಗಾಡಿಯ ಈ ಟಕ್ ಟಕ್ ಶಬ್ದ ನಿಲ್ಲೋ ತನಕ ನಾನು ಆಸ್ಪತ್ರೆಗೆ ಬರೋಳಲ್ಲ, ರಸ್ತೆಯ ಒಂದೊಂದು ಹಂಪಿಗೂ ಸೊಂಟದ ಮೇಲೆ ಸುತ್ತಿಗೇಲಿ ಬಡಿದಂಗಾಗತ್ತೆ, ಹೀಗಂದು ಅಮ್ಮ ಶುಕ್ರವಾರ ಬಾಗಿಲ ಚೌಕಟ್ಟು ಹಿಡ್ಕೊಂಡು ಕೂತೇ ಬಿಟ್ಲು, ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಮೆಷಿನ್ನಲ್ಲಿ ರಕ್ತ ತೊಳೆಸ್ಕೊಂಡು ಬರ್ಬೇಕಾದೋಳು, ಹಂಪಿನ ನೆಪ ಹೇಳಿ ಕೂತ್ಲು, ಟ್ಯಾಕ್ಸಿ ಅಂದ್ರೆ ಅದರ ವಾಸನೆಗೆ ವಾಂತಿ ಬರತ್ತಂತೆ, ನರ್ಸು ಫೋನಲ್ಲಿ ಹೇಳಿದ್ಲು, ಸೋಮವಾರಾನೂ ತಪ್ಪಿಸಿದ್ರೆ ನೀರು ಎದೆಗೇರತ್ತೆ, ಆಮೇಲೆ ನಮ್ಮನ್ನ ಕೇಳ್ಬೇಡಿ. ಸೋಮವಾರ ಅಂದ್ರೆ ನಾಳೆ. ಹಾಗಾಗಿ ತಿರುಗು ಮಾರಾಯ, ತಿರುಗು, ಇವತ್ತು ನೀನು ತಿರುಗದೆ ನಾನು ಮನೆಗೆ ಹೋಗಲ್ಲ.

ಕಿರ್ ಅಂತು, ಅಬ್ಬ, ಬಂತು, ಎಡಗಡೇದು ಬೆಳಿಗ್ಗೇನೇ ಮುಗೀತು, ಇದು ಬಲಗಡೆ, ಹಿಂದೆ ಅಮ್ಮ ಕೂರೋ ಕಡೆ, ಅದಕ್ಕೇ ಇದಕ್ಕೂ ಅವಳದೇ ಹಟ. ಎರಡು ವರ್ಷದ ಹಿಂದೆ ಚಕ್ರದ ತೋಳಿಗೆ ಈ ರಬ್ಬರು ಬುಷ್ ಹಾಕಿದೋರು ಡಾಲ್ಸು, ಬೇಗ ಬೇಗ ಅಂತ ಅವಸರ ಅವರಿಗೆ, ಊಟಕ್ಕೂ ಬೇಗ, ಜಗಳಕ್ಕೂ ಬೇಗ, ಚಕ್ರ ಗಾಳೀಲಿ ನೇತಾಡ್ತಿರುವಾಗಲೇ ಬೋಲ್ಟು ಪೂರ್ತಿ ಬಿಗಿದು ಕೈ ಒರೆಸ್ಕೊಂಡ್ರು, ರೀ, ಹಾಗೆ ಮಾಡಬಾರದಂತೆ ಕಣ್ರೀ, ಗಾಡಿ ನೆಲಕ್ಕಿಳಿದು ಭಾರ ಹೊತ್ತು ನಿಂತಾಗ ಬಿಗೀಬೇಕಂತೆ, ಇಲ್ದಿದ್ರೆ ರಬ್ಬರು ತಿರುಚ್ಕೊಂಡೇ ಇರತ್ತಂತೆ, ಅಂದೆ, ಅದಕ್ಕೆ ಅವರು ಏನಂದ್ರು, ರಬ್ಬರಿಗೆ ಮೇಲ್ಯಾವುದು ಕೆಳಗ್ಯಾವುದು ಗೊತ್ತಾಗತ್ತೇನೆ. ಗೊತ್ತಾಯ್ತಲ್ಲ ಈಗ. ಹರಿದು ಚಿಂದಿ ಆಯ್ತಲ್ಲ. ಈ ಗಾಡಿ ತಂದ ದಿನ ಅಮ್ಮ ನಾಲ್ಕು ಚಕ್ರಕ್ಕೂ ಅಕ್ಕಿ ಹೆಂಡ ಸುರಿದು ಬಗ್ಗಿ ನಮಸ್ಕಾರ ಮಾಡಿದ್ಲು, ಕೇಡು ತಾಗದಿರ್ಲಿ ಅಂತ ಬಿಳಿ ದಾರ ಸುತ್ತಿದ ಒಣಮೀನು ತಂದು ಡಿಕ್ಕಿಯಲ್ಲಿಟ್ಲು, ಇನ್ನೂ ಅಲ್ಲೇ ಬಾಯಿ ತೆರ್ಕೊಂಡು ಬಿದ್ದಿದೆ, ತೆಗೆಯೋಕೆ ಬಿಡಲ್ಲ. ಆಗ ಹೇಗಿದ್ಲು, ಹತ್ತಿದ್ರೆ ಗಾಡಿ ಒಂದು ಸಲ ವಾಲಾಡಿ ಉಸ್ ಅಂತ ಕೂರ್ತಿತ್ತು, ಕಿಮ್ಚಿ ಉಪ್ಪಿನಕಾಯಿ ಹಾಕೋ ದಿನ ಎಲೆಕೋಸಿನ ಮೂಟೆ ಅಪ್ಕೊಂಡು ಹಿಂದೆ ಕೂತ್ರೆ ಮಡ್‌ಗಾರ್ಡು ಚಕ್ರಕ್ಕೇ ಅಂಟತ್ತೇನೋ ಅನ್ನೋ ಹಾಗೆ, ಡಾಲ್ಸು ಚಕ್ರದ ಮೇಲಿನ ಆ ಸಂದಿಗೆ ಕೈ ತೂರಿಸಿ ತೋರಿಸ್ತಿದ್ರು, ನೋಡೇ, ನಾಲ್ಕು ಬೆರಳು ಹಿಡೀತಿತ್ತು, ಅತ್ತೆ ಕೂತ ಮೇಲೆ ಎರಡೂ ಹಿಡಿಯಲ್ಲ, ನಮ್ಮ ಗಾಡಿ ದೊಡ್ಡೋರಿಗೆ ಮಂಡಿಯೂರತ್ತೆ ಕಣೇ, ಅಮ್ಮ ಒಳಗಿಂದಾನೇ, ಅಳಿಯಂದಿರೇ, ನಿಮ್ಮ ಮಗೂನ ಎತ್ತಿದ ಸೊಂಟ ಇದು, ಭಾರ ಇರತ್ತೆ ಅಂತಿದ್ಲು. ಬಾಯಿ ಮಾತ್ರ ಅಷ್ಟೇ ಇದೆ ಈಗ್ಲೂ.

ಏನು ನೋಡ್ತಾ ನಿಂತೆ, ಬುಷ್ ಬಂತಾ, ಅವಳೇ ಕೂಗ್ತಿದಾಳೆ, ಬಂತಮ್ಮ, ಪ್ರೆಸ್ಸಿಗೆ ಕೊಟ್ಟು ಒತ್ತಿಸ್ದೆ, ಹಳೇದು ಢಣ್ ಅಂತ ಉದುರ್ತು, ತೋರಿಸು ಅಂತ ಕೈ ಚಾಚಿದ್ಲು, ಕೊಟ್ಟೆ. ಉಕ್ಕಿನ ಬಳೆ, ಒಳಗೆ ರಬ್ಬರು, ನಡುವೆ ಕೊಳವೆ, ರಬ್ಬರು ಬಿರುಕು ಬಿಟ್ಟು ಕೊಳವೆ ಒಂದು ಕಡೆ ಕಿತ್ಕೊಂಡು ಬಂದಿದೆ, ಬೆರಳಲ್ಲಿ ಅಲ್ಲಾಡಿಸಿದ್ಲು, ಟಕ್ ಟಕ್, ಕೇಳು, ಕೇಳೇ, ನಾನು ಸುಳ್ಳು ಹೇಳಿದ್ನಾ, ನಿನ್ನ ಗಂಡ ಮುದುಕಿ ಕಿವೀಲಿ ಶಬ್ದ ಅಂದ, ನೀನೂ ಸುಮ್ನಿದ್ದೆ. ಸುಮ್ನಿರದೆ ಏನ್ಮಾಡ್ಲಿ, ಅವರೊಂದು ಕಡೆ ಗಾಡಿ ಮಾರಿಬಿಡೋಣ ಅಂತಾರೆ, ನೀನೊಂದು ಕಡೆ ಬರಲ್ಲ ಅಂತೀಯ, ನಾನೇನು ಈ ರಬ್ಬರಾ, ಎರಡು ಕಡೆಯಿಂದ ತಿರುಚೋಕೆ. ಆಯ್ತಲ್ಲ, ಶಬ್ದ ಸಿಕ್ತಲ್ಲ, ನಾಳೆ ಬರ್ತೀಯಲ್ಲ, ಅಂದೆ, ನೋಡೋಣ ಅಂದ್ಲು, ನೋಡೋಣ ಅಂತೆ! ರೇಗಿ ಹೋಯ್ತು, ಅಮ್ಮಾ, ಪಾದ ನೋಡ್ಕೊ, ಊದಿ ಶೂ ಹತ್ತದೆ ನನ್ನ ಗಂಡನ ಚಪ್ಪಲಿ ಹಾಕ್ಕೊಂಡು ಬಂದಿದೀಯ, ಶುಕ್ರವಾರದ ನೀರೆಲ್ಲ ಒಳಗೇ ಇದೆ, ಇನ್ನೇನು ನೋಡ್ತೀಯ, ನಂಗೆ ಅಳು ಬರ್ತಿದೆ ಕಣಮ್ಮ ನಿನ್ನ ಜೊತೆ, ಹಾಗಂದ್ರೆ ಕುಲುಕ್ ಅಂತ ನಗ್ತಾಳೆ, ಅಳು, ಮುಖದ ಗ್ರೀಸಾದ್ರೂ ಹೋಗತ್ತೆ. ಸೂಪು ಮಾಡಿದ್ರೆ ಎರಡು ಚಮಚ, ಅನ್ನ ಕೊಟ್ರೆ ಕೆದಕಿ ಇಡೋದು, ಆಸ್ಪತ್ರೇಲಿ ಪ್ರತಿ ಸಲ ತೂಕ ನೋಡ್ತಾರೆ, ನರ್ಸು ಏನೋ ಕೂಗಿ ಹೇಳ್ತಾಳೆ, ನನ್ನ ಕಡೆ ತಿರುಗಿ ಮಗಳೇ ಸ್ವಲ್ಪ ಇಲ್ಲಿ ಬನ್ನಿ ಅಂತಾಳೆ, ನಾನು ಗಾಡಿ ಅಡ್ಡ ನಿಲ್ಸಿದೀನಿ ತೆಗೀಬೇಕು ಅಂತ ಓಡ್ತಿರ್ತೀನಿ, ಅಮ್ಮ ನರ್ಸಿಗೆ, ನಿಮ್ಮ ತಕ್ಕಡಿ ಕೆಟ್ಟಿದೆ, ಮೊದ್ಲು ಅದನ್ನ ರಿಪೇರಿ ಮಾಡ್ಸಿ ಅಂತಾಳೆ. ಹೊಸ ಬುಷ್ ಸೋಪುನೀರು ಸವರಿದ್ರೂ ಹತ್ತಲ್ಲ ಅಂತಿತ್ತು, ಹತ್ತಿತು, ಬೋಲ್ಟು ತೂರ್ತು, ಸದ್ಯಕ್ಕೆ ಕೈಯಲ್ಲಿ ತಿರುಗಿದಷ್ಟೇ ಬಿಗಿ, ಡಾಲ್ಸು ಥರ ಅಲ್ಲ, ಗಾಳೀಲಿ ಒಂದು ಸುತ್ತೂ ಜಾಸ್ತಿ ಇಲ್ಲ.

ಇಳಿಸ್ರೀ ಪ್ಯೋ, ಪೂರ್ತಿ ಇಳಿಸಿ, ಗಾಡಿ ನೆಲಕ್ಕೆ ಕೂತಿತು, ಒಂದು ಸಲ ಮುಂದೆ ಹಿಂದೆ ತಳ್ಳಿದೆ, ಚಕ್ರದ ಮೇಲೆ ಕೈ ತೂರಿಸಿ ನೋಡ್ದೆ, ನಾಲ್ಕು ಬೆರಳು, ಸರಿಯಾಗಿ ನಾಲ್ಕು, ಖಾಲಿ ಗಾಡಿ ಲೆಕ್ಕ. ಬೆನ್ನಿಗೆ ರಟ್ಟು ಹಾಕಿ ಕೆಳಗೆ ತೂರ್ಕೊಂಡೆ, ನೆಲ ಮಂಜುಗಡ್ಡೆ, ಸ್ಪ್ಯಾನರು ಬೋಲ್ಟಿಗೆ ಕೂರಿಸ್ದೆ, ಖಾಲಿ ಗಾಡಿಗೇ ಬಿಗಿದ್ರೆ ಸಾಕಾಗಿತ್ತು, ಪುಸ್ತಕದಲ್ಲೂ ಅಷ್ಟೇ ಇರೋದು, ಆದ್ರೆ ಈ ಗಾಡಿ ಇನ್ಮೇಲೆ ಓಡೋದು ಅವಳೊಬ್ಬಳಿಗೆ, ಅವಳ ಭಾರಕ್ಕೇ ಬಿಗೀತೀನಿ, ಆಮೇಲೆ ಅದೇನು ನೆಪ ತೆಗೀತಾಳೋ ನೋಡೇ ಬಿಡ್ತೀನಿ. ಅಮ್ಮಾ, ಎದ್ದು ಬಾ, ನಿನ್ನ ಜಾಗದಲ್ಲಿ ಕೂತ್ಕೊ. ಯಾಕೆ. ನಿಂಗೆ ತಕ್ಕ ಹಾಗೆ ಬಿಗೀಬೇಕು ಕಣಮ್ಮ, ಅಂಗಿಗೆ ಅಳತೆ ಕೊಡಲ್ವಾ, ಹಾಗೆ. ಓಹೋ, ನಂಗೆ ಅಳತೆ ತಗೊಂಡು ಗಾಡಿ ಹೊಲೀತೀಯಾ, ಆಯ್ತಪ್ಪ ಆಯ್ತು, ಚಪ್ಪಲಿ ಸರಕ್ ಸರಕ್ ಅಂತ ಬಂತು, ಡಾಲ್ಸುದು, ಅದರೊಳಗೆ ಊದಿದ ಹಿಮ್ಮಡಿ, ಚಪ್ಪಲಿ ಎರಡೂ ನೆಲದ ಮೇಲೇ ಉಳೀತು, ಪಾದ ಮೇಲೆ ಹೋಯ್ತು, ಬಾಗಿಲು ಹಾಕ್ಕೊಂಡ್ತು. ಒಂದು ಕೈ ಚಕ್ರದ ಮೇಲಿನ ಸಂದಿನಲ್ಲಿಟ್ಟು ಕಾಯ್ತಿದೀನಿ, ಈಗ ವಾಲತ್ತೆ, ಈಗ ಉಸ್ ಅನ್ನತ್ತೆ, ಬೆರಳು ಸಿಕ್ಕಾಕ್ಕೊಂಡೀತು ಅಂತ ತುದಿ ಎಳ್ಕೊಂಡೂ ಇಟ್ಟಿದೀನಿ, ಏನು ಮಾಡ್ತಿದಾಳೆ ಒಳಗೆ, ಸೀಟಿನ ಧೂಳು ಒರೆಸ್ತಾ ನಿಂತ್ಲಾ, ಈ ಹೆಂಗಸಿಗೆ ಹೇಳಿದ್ದು ಒಂದಾದ್ರೂ — ಅಮ್ಮಾ, ಕೂತ್ಕೊಳ್ಳೇ ಬೇಗ, ಬೆನ್ನು ಹೆಪ್ಪುಗಟ್ತಿದೆ ಇಲ್ಲಿ! ಕೂತು ಎಷ್ಟು ಹೊತ್ತಾಯ್ತು, ಮೇಲಿಂದ ಅಮ್ಮ, ಒರಗಿಯೂ ಕೂತಿದೀನಿ, ನೀನು ಮಾಡು ನಿನ್ನ ಕೆಲಸ. ಕೂತಿದಾಳೆ. ಸರಿಯಾಗಿ ಕೂತಿದೀಯಾ, ಕಾಲು ಮೇಲಿಟ್ಟಿದೀಯಾ. ಹೂಂ ಕಣೇ. ಸ್ವಲ್ಪ ಅಲ್ಲಾಡು. ಅಲ್ಲಾಡ್ತಿದೀನಿ, ಗೊತ್ತಾಗ್ತಿಲ್ವಾ. ಇಲ್ಲ. ಗೊತ್ತಾಗ್ತಿಲ್ಲ. ನರ್ಸು ಏನೋ ಹೇಳೋಕೆ ಬರ್ತಿದ್ಲು, ಮಗಳೇ ಸ್ವಲ್ಪ ಇಲ್ಲಿ ಬನ್ನಿ, ದಪ್ಪ ಕೋಟಿದೆ ಮೈಮೇಲೆ, ಒಳಗೆ ಎರಡು ಸ್ವೆಟರು, ಶುಕ್ರವಾರದ ನೀರೂ ಮೈಯಲ್ಲೇ ಇದೆ, ಅಷ್ಟೆಲ್ಲ ಸೇರಿ ನಮ್ಮಮ್ಮ ಮೇಲೆ ಕೂತಿದಾಳೆ, ಸ್ಪ್ಯಾನರು ಬೋಲ್ಟಿನ ಮೇಲೇ ಇದೆ, ಎಳೀಬೇಕು, ಕೈ ಬರ್ತಿಲ್ಲ, ಬಿಗಿದೆಯೇನೇ ಅಂತಿದಾಳೆ, ನಾಳೆ ಎಷ್ಟು ಹೊತ್ತಿಗೆ ಹೊರಡೋದೇ ಅಂತಿದಾಳೆ, ಬರ್ತಾಳಂತೆ, ನನ್ನ ಕೈ ಇನ್ನೂ ಅಲ್ಲೇ, ಚಕ್ರದ ಮೇಲೆ, ನಾಲ್ಕು ಬೆರಳು, ಸಲೀಸಾಗಿ, ನಾಲ್ಕು ಬೆರಳು