ಹೊಲಿಗೆಯೊಳಗೆ ಹೋದ ಮಾತು

ಒಂಬತ್ತು ವರ್ಷ ಕೂತು ಬರೆದ ಪ್ರಬಂಧವನ್ನು ಸ್ಕೇಲ್ ಸಾಹೇಬರು ಒಂಬತ್ತು ನಿಮಿಷದಲ್ಲಿ ವಾಪಸ್ ತಳ್ಳಿದರು. ಒಂದೇ ಒಂದು ಸಾಲು ಓದದೆ ತಳ್ಳಿದರು ಎನ್ನುವುದು ಅವರ ಹೆಚ್ಚುಗಾರಿಕೆ. ಸಂಶೋಧನಾ ಪ್ರಬಂಧಗಳನ್ನು ತೆಗೆದುಕೊಳ್ಳುವ ಕಚೇರಿಗೆ ಅವರೇ ಸೂಪರಿಂಟೆಂಡೆಂಟರು. ಜೇಬಿನಲ್ಲಿ ಆರು ಅಂಗುಲದ ಸ್ಟೀಲ್ ಸ್ಕೇಲು, ಎದುರಿಗೆ ನಿಯಮಾವಳಿಯ ಪುಸ್ತಕ. ಇವೆರಡು ಇದ್ದರೆ ಕಣ್ಣು ಇರಲೇಬೇಕೆಂದೇನಿಲ್ಲ ಎಂದು ಅವರು ಇಪ್ಪತ್ತು ವರ್ಷದಿಂದ ತೋರಿಸಿಕೊಟ್ಟಿದ್ದರು.

ಮೊದಲ ಪುಟದ ಅಂಚನ್ನು ಅಳೆದರು. ಎಡಗಡೆ ಒಂದೂವರೆ ಅಂಗುಲ, ಬಲಗಡೆ ಅರ್ಧ. ಮುಖ ಅರಳಿತು. ಹಾಳೆ ತಿರುವಿ ಹಿಂದಿನ ಪುಟ ಅಳೆದರು. ಎಡಗಡೆ ಅರ್ಧ, ಬಲಗಡೆ ಒಂದೂವರೆ. ಅರಳಿದ ಮುಖ ಹಾಗೇ ಮುದುಡಿತು.

"ಏನ್ ಮೇಡಂ ಇದು, ಅಂಚು ಉಲ್ಟಾ ಹೊಡೆದಿದೆ?"

ಪ್ರಬಂಧ ಬರೆದ ಟೀಚರ್ ದನಿ ತಗ್ಗಿಸಿದಳು. ಹುಡುಗಿಯರ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿದವಳು, ಗದ್ದಲಕ್ಕೆ ಹೆದರುವ ಪೈಕಿ ಅಲ್ಲ. ಆದರೆ ಅವತ್ತು ಅವಳ ಪಿಎಚ್.ಡಿ. ನೋಂದಣಿಯ ಅವಧಿಗೆ ಕಡೇ ದಿನ. ಸಂಜೆ ಐದಕ್ಕೆ ಸೀಲು ಬೀಳದಿದ್ದರೆ ಒಂಬತ್ತು ವರ್ಷವೂ ಗಾಳಿಗೆ ಹೋದ ಹಾಗೆ.

"ಸಾರ್, ಹಾಳೆಯ ಎರಡೂ ಕಡೆ ಪ್ರಿಂಟ್ ಮಾಡಿದೀವಲ್ಲ. ಹಿಂದಿನ ಪುಟಕ್ಕೆ ಬೈಂಡಿಂಗು ಬಲಗಡೆ ಬರುತ್ತೆ. ಅದಕ್ಕೇ ಆ ಕಡೆ ಜಾಸ್ತಿ ಜಾಗ ಬಿಟ್ಟಿರೋದು."

"ಬೈಂಡಿಂಗು ಯಾವ ಕಡೆಯಾದ್ರೂ ಬರ್ಲಿ. ನಿಯಮ ಏನು? ಪ್ರತಿ ಪುಟದ ಎಡಗಡೆ ಒಂದೂವರೆ, ಬಲಗಡೆ ಅರ್ಧ. ಪ್ರತಿ ಪುಟ ಅಂದ್ರೆ ಪ್ರತಿ ಪುಟ."

"ಅದು ಒಂದೇ ಕಡೆ ಪ್ರಿಂಟ್ ಮಾಡ್ತಿದ್ದ ಕಾಲದ ನಿಯಮ ಸಾರ್. ಎರಡೂ ಕಡೆ ಮಾಡಿ ಅಂತ ಹೋದ ವರ್ಷ ನೀವೇ ಸುತ್ತೋಲೆ ಕಳಿಸಿದ್ರಿ."

"ಕಳಿಸಿದ್ವಿ. ಕಾಗದ ಉಳಿಸಿ, ಮರ ಉಳಿಸಿ ಅಂದ್ವಿ. ಅಂಚು ಬದಲಾಯಿಸಿ ಅಂತ ಅದ್ರಲ್ಲಿ ಎಲ್ಲಾದ್ರೂ ಇದ್ರೆ ತೋರಿಸಿ. ಈಗಲೇ ಸೀಲ್ ಹಾಕ್ತೀನಿ."

ಎಲ್ಲಿಯೂ ಇರಲಿಲ್ಲ. ಸುತ್ತೋಲೆ ಬರೆದವರು ಮರದ ಬಗ್ಗೆ ಎಷ್ಟು ತಲೆ ಕೆಡಿಸಿಕೊಂಡಿದ್ದರೆಂದರೆ ಪುಸ್ತಕ ಬಿಚ್ಚಿಕೊಳ್ಳುತ್ತದೋ ಇಲ್ಲವೋ ಎಂದು ಯೋಚಿಸಲು ಅವರಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

"ಎರಡೂ ಕಡೆ ಒಂದೂವರೆ ಬಿಟ್ಕೊಂಡು ಬಂದ್ರೆ ಆಗುತ್ತಾ ಸಾರ್?"

"ಬಲಗಡೆ ಅರ್ಧ ಅಂದ್ರೆ ಅರ್ಧ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ನಿಮ್ಮನ್ನ ನೋಡಿದ್ರೆ ನನಗೂ ಅಯ್ಯೋ ಅನ್ಸುತ್ತೆ ಮೇಡಂ. ಆದ್ರೆ ಸ್ಕೇಲಿಗೆ ಅನ್ಸಲ್ವಲ್ಲ." ಹೀಗೆಂದು ಅವರು ಸ್ಕೇಲನ್ನು ಕರ್ಚೀಫಿನಿಂದ ಒರೆಸಿ ಜೇಬಿಗಿಳಿಸಿ ಊಟಕ್ಕೆ ಎದ್ದರು.

ಮುನ್ನೂರ ಮೂವತ್ತು ಪುಟದ ಐದು ಪ್ರತಿಗಳನ್ನು ಎದೆಗವಚಿಕೊಂಡು ಟೀಚರ್ ಮೆಟ್ಟಿಲಿಳಿದಳು. ಮರ ಉಳಿಸುವ ಕೆಲಸ ಹೀಗೆ ಮೊದಲ ಹಂತದಲ್ಲೇ ಐದು ಪ್ರತಿಗಳನ್ನು ರದ್ದಿಗೆ ಹಾಕಿ ಶುರುವಾಯಿತು.

ಆ ಪ್ರಬಂಧ ಯಾತರದ್ದು ಎಂದು ಹೇಳಿಬಿಡಬೇಕು, ಇಲ್ಲದಿದ್ದರೆ ಅವಳ ಹೊಟ್ಟೆಯ ಸಂಕಟ ಅರ್ಥವಾಗುವುದಿಲ್ಲ. ಅದು ದರ್ಜಿಗಳ ಅಳತೆ ಪುಸ್ತಕಗಳ ಬಗ್ಗೆ. ಅವಳಪ್ಪ ದರ್ಜಿ. ಅವಳಿಗೆ ಹದಿನಾಲ್ಕು ತುಂಬಿದ ವರ್ಷ ಒಬ್ಬ ದೊಡ್ಡ ಗಿರಾಕಿ ಅಂಗಡಿಗೆ ಬಂದು, ಹೊಸ ಕೋಟನ್ನು ರಸ್ತೆಯ ಮೇಲೆ ಹಾಸಿ, ಮನೆಯಿಂದ ತಂದ ಟೇಪಿನಿಂದ ಅಳೆದು, ಅರ್ಧ ಗಜ ಬಟ್ಟೆ ಮಂಗಮಾಯವಾಗಿದೆ ಎಂದು ಕೂಗಾಡಿದ. ಸ್ವಾಮಿ, ಹೋದ ವರ್ಷಕ್ಕಿಂತ ನಿಮ್ಮ ಹೊಟ್ಟೆ ಐದು ಅಂಗುಲ ಮುಂದೆ ಬಂದಿದೆ, ನೀವು ತಂದ ಬಟ್ಟೆಯೇ ಸಾಲಲಿಲ್ಲ, ಒಳಗಡೆ ನನ್ನ ಬಟ್ಟೆ ಕೊಟ್ಟು ಹೊಲಿದಿದ್ದೇನೆ ಎಂದು ಅಪ್ಪ ಅಳತೆ ಪುಸ್ತಕ ತೆರೆದು ತೋರಿಸಲು ಹೋದರು. ಬೀದಿಗೆ ಪುಸ್ತಕ ನೋಡುವ ಆಸೆ ಎಲ್ಲಿತ್ತು? ನಗುವ ಆಸೆಯಿತ್ತು. ಅಂದಿನಿಂದ ಅಪ್ಪ 'ಕತ್ತರಿ ಕಳ್ಳ' ಆದರು. ಅದೇ ಬೀದಿಯಲ್ಲಿ ಇನ್ನೂ ಇಪ್ಪತ್ತೆಂಟು ವರ್ಷ, ಆ ಹೆಸರು ಕಿವಿಗೆ ಬೀಳಲೇ ಇಲ್ಲ ಎಂಬಂತೆ ತಲೆ ತಗ್ಗಿಸಿ ಮಿಷನ್ ತುಳಿದರು.

ಮಗಳು ಮರೆಯಲಿಲ್ಲ. ಹನ್ನೊಂದು ಅಂಗಡಿಗಳ ಅರವತ್ತು ವರ್ಷದ ಅಳತೆ ಪುಸ್ತಕಗಳನ್ನು ಹುಡುಕಿ ತಂದಳು. ಗಿರಾಕಿ ಕೊಟ್ಟ ಬಟ್ಟೆ ಎಷ್ಟು, ಹೊಲಿದದ್ದೆಷ್ಟು, ಚೂರು ಎಂದು ವಾಪಸ್ ಕೊಟ್ಟದ್ದೆಷ್ಟು, ಎಲ್ಲವನ್ನೂ ಸಾಲು ಸಾಲಾಗಿ ಕೂಡಿ ಕಳೆದು ನೋಡಿದಳು. ಬಟ್ಟೆ ಕದ್ದವರು ಸಿಗಲಿಲ್ಲ. ಊರು ದಪ್ಪಗಾಗುತ್ತಾ ಹೋದದ್ದು, ಬಟ್ಟೆ ಮಾತ್ರ ಹಳೇ ಅಳತೆಯಲ್ಲೇ ತರುತ್ತಿದ್ದದ್ದು, ಕೊರತೆಯನ್ನು ದರ್ಜಿಗಳು ಬಾಯಿ ಬಿಡದೆ ತಮ್ಮ ಗಂಟಿನಿಂದ ತುಂಬಿದ್ದು ಸಿಕ್ಕಿತು. ಪದವಿ ಬಂದರೆ ಕಾಲೇಜಿನಲ್ಲಿ ಕೆಲಸ ಸಿಗುತ್ತಿತ್ತು. ಅದೂ ಬೇಕಿತ್ತು, ಇಲ್ಲವೆನ್ನಲು ಅವಳೇನು ಸಂನ್ಯಾಸಿನಿಯಲ್ಲ. ಆದರೆ ಅಪ್ಪ ಕಳ್ಳನಲ್ಲ ಎಂಬ ಮಾತು ಸೀಲು ಹೊಡೆಸಿಕೊಂಡು ಲೈಬ್ರರಿಯ ಕಪಾಟಿನಲ್ಲಿ ಕೂರಬೇಕು, ಅದನ್ನು ಅಪ್ಪ ಬದುಕಿರುವಾಗಲೇ ನೋಡಬೇಕು ಎನ್ನುವುದು ಅವಳ ದೊಡ್ಡ ಆಸೆ.

ಎದುರುಗಡೆ ಪ್ರಿಂಟಿಂಗ್ ಅಂಗಡಿಯ ಯಜಮಾನರು ವಿಷಯ ಕೇಳಿ ಹಣೆ ಚಚ್ಚಿಕೊಂಡರು.

"ಬೇಡಿ ಅಕ್ಕ. ನಾನು ದಾರ ಪೋಣಿಸೋಕೆ ರಂಧ್ರ ಕೊರೆಯೋದೇ ಅರ್ಧ ಅಂಗುಲ ಒಳಗೆ. ಅವರು ಹೇಳಿದ ಹಾಗೆ ಮಾಡಿದ್ರೆ ಹಿಂದಿನ ಪುಟದ ಪ್ರತಿ ಸಾಲಿನ ಬಾಲ ಹೊಲಿಗೆಯೊಳಗೆ ಹೋಗುತ್ತೆ. ಪುಸ್ತಕ ಎಷ್ಟು ಅಗಲಿಸಿದ್ರೂ ಕಾಣಲ್ಲ."

"ಅವರಿಗೆ ಹೇಳಿದೆ."

"ಏನಂದ್ರು?"

"ಊಟಕ್ಕೆ ಹೋದ್ರು."

ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. ಕಂಪ್ಯೂಟರಿನಲ್ಲಿ ಎದುರುಬದುರು ಪುಟಗಳಿಗೆ ಅಂಚು ಅದಲುಬದಲಾಗುವ ಗುರುತು ತೆಗೆದರು, ಎಲ್ಲ ಪುಟಕ್ಕೂ ಎಡಗಡೆ ಒಂದೂವರೆ ಕೊಟ್ಟರು, ದೇವರು ನಿಮ್ಮನ್ನು ಕಾಪಾಡಲಿ ಎಂಬ ಮುಖ ಮಾಡಿ ಬಟನ್ ಒತ್ತಿದರು. ನಾಲ್ಕೂ ಮುಕ್ಕಾಲಿಗೆ, ಅಂಟು ಇನ್ನೂ ಹಸಿಯಾಗಿರುವಾಗಲೇ, ಟೀಚರ್ ಓಡಿದಳು. ಸ್ಕೇಲ್ ಸಾಹೇಬರು ಪುಟ ಒಂದನ್ನು ಅಳೆದರು, ಎರಡನ್ನು ಅಳೆದರು. ಬಲಗಡೆಯ ಅರ್ಧ ಅಂಗುಲ ಹೊಲಿಗೆಯ ಸಂದಿಯಲ್ಲಿ ಸೇರಿ ಸ್ಕೇಲು ಒಳಗೆ ಇಳಿಯದಿದ್ದಾಗ, "ಇರುತ್ತೆ ಬಿಡಿ" ಎಂದು ಮೊದಲ ಬಾರಿಗೆ ಉದಾರಿಗಳಾದರು. ಸೀಲು ಬಿತ್ತು.

ಐದು ತಿಂಗಳ ಮೇಲೆ ಮೌಖಿಕ ಪರೀಕ್ಷೆಗೆ ಕರೆ ಬಂತು. ಅಪ್ಪ ತಾವೇ ಹೊಲಿದ ಹಳೆಯ ಕೋಟನ್ನು ಇಸ್ತ್ರಿ ಮಾಡಿಸಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಎಪ್ಪತ್ತೊಂಬತ್ತರ ಮುದುಕ, ಮಗಳ ಮದುವೆಯಲ್ಲೂ ಅಷ್ಟು ನೆಟ್ಟಗೆ ಕೂತಿರಲಿಲ್ಲ. ಟೀಚರಿಗೆ ಮಾರ್ಗದರ್ಶನ ಮಾಡಿದ ಗೈಡು ಪಕ್ಕದಲ್ಲಿ ಕೂತು, ಪ್ರಬಂಧದ ಹೆಸರನ್ನು ಯಾರಾದರೂ ತಮ್ಮನ್ನು ಕೇಳಿಬಿಟ್ಟರೆ ಎಂದು ರಟ್ಟಿನ ಮೇಲಿನ ಅಕ್ಷರಗಳನ್ನು ಗುಟ್ಟಾಗಿ ಉರು ಹೊಡೆಯುತ್ತಿದ್ದರು. ಫೈಲು ಹಿಡಿದು ಸ್ಕೇಲ್ ಸಾಹೇಬರೂ ಬಂದಿದ್ದರು.

ಹೊರಗಿನಿಂದ ಬಂದ ಪರೀಕ್ಷಕರು ಗಂಟಲು ಸರಿ ಮಾಡಿಕೊಂಡರು. ದೊಡ್ಡ ವಿದ್ವಾಂಸರು. ಪ್ರಬಂಧಗಳನ್ನು ಕಡೆಯ ಅಧ್ಯಾಯದಿಂದ ಓದಲು ಶುರು ಮಾಡಿ ಅಲ್ಲೇ ಮುಗಿಸುವುದು ಅವರ ಪದ್ಧತಿ.

"ನಾನು ಇಷ್ಟು ಧೈರ್ಯದ ಪ್ರಬಂಧ ನೋಡಿಲ್ಲ," ಎಂದರು. "ಈಕೆ ಸ್ವತಃ ದರ್ಜಿಯ ಮಗಳು ಅಂತ ಕೇಳಿದೆ. ಆದ್ರೂ ಸತ್ಯ ಹೇಳೋಕೆ ಹಿಂದೆಮುಂದೆ ನೋಡಿಲ್ಲ. ಕೇಳಿ, ಪುಟ ಮುನ್ನೂರ ಹನ್ನೆರಡು: 'ದರ್ಜಿಗಳು ಗಿರಾಕಿಗಳ ಬಟ್ಟೆ ಕದಿಯುತ್ತಾರೆ ಎಂಬ ಮಾತು ಹನ್ನೊಂದು ಅಂಗಡಿಗಳ ಅಳತೆ ಪುಸ್ತಕಗಳಿಂದ ಸಾಬೀತಾಗಿದೆ.' ಭೇಷ್! ಪದವಿಗೆ ಶಿಫಾರಸು ಮಾಡಿ ಆಗಲೇ ವರದಿ ಬರೆದಿದೀನಿ."

ಸಭೆ ಚಪ್ಪಾಳೆ ತಟ್ಟಿತು. ಗೈಡು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅಪ್ಪ ಮಾತ್ರ ತಟ್ಟಲಿಲ್ಲ. ಮಗಳ ಮುಖವನ್ನೇ ನೋಡಿದರು. ಆ ನೋಟದಲ್ಲಿ ಕೋಪವಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ನೀನೂನಾ ಮಗಳೇ ಎಂಬ ಪ್ರಶ್ನೆಯಿತ್ತು.

"ಸಾರ್, ನಾನು ಹಾಗೆ ಬರೆದಿಲ್ಲ!" ಅವಳ ದನಿ ತರಗತಿಯ ಎತ್ತರಕ್ಕೆ ಏರಿತು. "ಸುಳ್ಳೆಂದು ಸಾಬೀತಾಗಿದೆ ಅಂತ ಬರೆದಿರೋದು. 'ಸುಳ್ಳೆಂದು' ಅನ್ನೋದು ಸಾಲಿನ ಕೊನೆಯಲ್ಲಿದೆ. ಹೊಲಿಗೆಯೊಳಗೆ ಹೋಗಿದೆ!"

ಪರೀಕ್ಷಕರು ಪುಸ್ತಕವನ್ನು ಅಗಲಿಸಿದರು. ಬರಲಿಲ್ಲ. ಕನ್ನಡಕ ತೆಗೆದು ಸಂದಿಯಲ್ಲಿ ಇಣುಕಿದರು. ಬರಲಿಲ್ಲ. ಅಷ್ಟರಲ್ಲಿ ಅಪ್ಪ ಎದ್ದು ಮೇಜಿನ ಹತ್ತಿರ ಬಂದಿದ್ದರು. ಜೇಬಿನಲ್ಲಿ ಪುಟ್ಟ ಕತ್ತರಿಯಿಲ್ಲದೆ ಮನೆಯಿಂದ ಕಾಲು ಹೊರಗಿಟ್ಟ ಮನುಷ್ಯರೇ ಅಲ್ಲ ಅವರು. ಪುಸ್ತಕವನ್ನು ವಿನಯದಿಂದ ಎಳೆದುಕೊಂಡು, ರಟ್ಟನ್ನು ಮಡಿಸಿ, ದಾರವನ್ನು ಮೂರು ಕಡೆ ಕತ್ತರಿಸಿ ಸರ್ರನೆ ಎಳೆದರು. ಹಾಳೆಗಳು ಮೇಜಿನ ಮೇಲೆ ಹರಡಿಕೊಂಡವು. ಮುನ್ನೂರ ಹನ್ನೆರಡನೇ ಪುಟದ ಬಲತುದಿಯಲ್ಲಿ, ಸೂಜಿ ತೂರಿದ ರಂಧ್ರದ ಪಕ್ಕದಲ್ಲೇ, ಆ ಪದ ತಣ್ಣಗೆ ಕೂತಿತ್ತು.

"ಹೊಲಿಗೆಗೆ ಅಂತ ಒಳಗಡೆ ಬಟ್ಟೆ ಬಿಡ್ತೀವಿ ಸ್ವಾಮಿ," ಅಪ್ಪ ಮೆಲ್ಲಗೆ ಹೇಳಿದರು. "ನಮ್ಮ ಅಂಗಡಿಗೆ ಹೊಸದಾಗಿ ಬಂದೋನಿಗೂ ಗೊತ್ತಿರ್ತಿತ್ತು. ಇಷ್ಟು ಓದಿದೋರಿಗೆ ಗೊತ್ತಾಗ್ಲಿಲ್ವಾ?"

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವರು ಸ್ಕೇಲ್ ಸಾಹೇಬರು.

"ಇದು ಈಗ ಬೈಂಡ್ ಆಗದೇ ಇರೋ ಪ್ರಬಂಧ," ಎಂದರು. "ನಿಯಮದ ಪ್ರಕಾರ ಇದು ಪ್ರಬಂಧವೇ ಅಲ್ಲ. ಹೊಸದಾಗಿ ಸಲ್ಲಿಸಬೇಕು. ಆದ್ರೆ ಮೇಡಂ ಅವರ ಅವಧಿ ಮುಗಿದು ಐದು ತಿಂಗಳಾಯ್ತು."

ಪರೀಕ್ಷಕರ ಮುಖ ಕೆಂಪೇರಿತ್ತು. ಅವರ ವರದಿ ಮೂರು ಮೇಜು ದಾಟಿ ಮೇಲಕ್ಕೆ ಹೋಗಿಯಾಗಿತ್ತು, ಅದರಲ್ಲಿ ಆ ಸಾಲನ್ನು ಅವರು ಎರಡು ಬಾರಿ ಎತ್ತಿ ಬರೆದಿದ್ದರು. ಗೈಡಿನ ಕಿವಿಯಲ್ಲಿ ಪಿಸಪಿಸ, ಸಾಹೇಬರ ಕಿವಿಯಲ್ಲಿ ಗುಸುಗುಸು. ಕಡೆಗೆ ದಾರಿಯೊಂದು ಸಿಕ್ಕಿತು. ವರದಿ ಬದಲಾಯಿಸಲು ಬರುವುದಿಲ್ಲ, ಪ್ರಬಂಧ ಬದಲಾಯಿಸಬಹುದು. 'ಪುಟ ಮುನ್ನೂರ ಹನ್ನೆರಡರಲ್ಲಿ ಒಂದು ಪದ ಕಣ್ತಪ್ಪಿನಿಂದ ಸೇರಿದೆ, ಪರೀಕ್ಷಕರ ವರದಿಯಲ್ಲಿರುವ ಸಾಲೇ ನನ್ನ ತೀರ್ಮಾನ' ಎಂದು ಟೀಚರ್ ಒಂದು ಹೇಳಿಕೆಗೆ ಸಹಿ ಹಾಕಿದರೆ ಸಾಕು. ಉಳಿದ ನಾಲ್ಕು ಪ್ರತಿಗಳ ಹೊಲಿಗೆ ಗಟ್ಟಿಯಾಗಿಯೇ ಇದೆ, ಪದವಿ ಇವತ್ತೇ. ಸ್ಕೇಲ್ ಸಾಹೇಬರು ಕಾಗದ ಬರೆದು, ಎಡಗಡೆ ಒಂದೂವರೆ ಅಂಗುಲ ಬಿಟ್ಟು, ಅವಳ ಮುಂದಿಟ್ಟರು.

ಅಪ್ಪ ಅವಳ ಭುಜ ಮುಟ್ಟಿದರು. "ಹಾಕ್ಬಿಡು ಕಣಮ್ಮ."

"ಏನಪ್ಪ ನೀನು ಹೇಳೋದು?"

"ನಲವತ್ತು ವರ್ಷಕ್ಕೆ ಹತ್ತಿರ ಆಯ್ತು, ಬೀದಿಯೋರೆಲ್ಲ ಕಳ್ಳ ಅಂದ್ರು, ನಾನು ಸತ್ತೋದ್ನಾ? ಪುಸ್ತಕದಲ್ಲಿ ಒಂದು ಸಾಲು ಇದ್ರೆ ನಂಗೇನಾಗುತ್ತೆ? ನೀನು ಏನ್ ಬರೆದಿದ್ದೆ ಅಂತ ನಾನು ನೋಡಿದ್ನಲ್ಲ, ಸಾಕು. ಒಂಬತ್ತು ವರ್ಷ ನಿದ್ದೆಗೆಟ್ಟಿದೀಯ. ಹಾಕು."

ಟೀಚರಿಗೆ ಅಳು ಒತ್ತರಿಸಿಕೊಂಡು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಊರಿನ ಕೊರತೆಯನ್ನೆಲ್ಲ ತನ್ನ ಬಟ್ಟೆಯಿಂದ ತುಂಬಿದ ಮನುಷ್ಯ, ಈಗ ಈ ಮೂರು ಜನರ ದಡ್ಡತನಕ್ಕೂ ತನ್ನ ಮಾನವನ್ನೇ ಕತ್ತರಿಸಿ ಕೊಡಲು ನಿಂತಿದ್ದ. ಅವಳು ಪೆನ್ನು ತೆಗೆದಳು. ಗೈಡು ಸಮಾಧಾನದ ಉಸಿರು ಬಿಟ್ಟರು. ಅವಳು ಸಹಿಯ ಜಾಗ ಬಿಟ್ಟು, ಎಡಗಡೆ ಖಾಲಿಯಿದ್ದ ಒಂದೂವರೆ ಅಂಗುಲದಲ್ಲಿ, ಬೋರ್ಡಿನ ಮೇಲೆ ಬರೆಯುವಷ್ಟು ದಪ್ಪ ಅಕ್ಷರದಲ್ಲಿ ಮೇಲಿನಿಂದ ಕೆಳಗೆ ಬರೆದಳು: ನನ್ನಪ್ಪ ಕದ್ದಿಲ್ಲ.

"ಮೇಡಂ, ಅಂಚಿನಲ್ಲಿ ಬರೆಯೋ ಹಾಗಿಲ್ಲ!" ಸ್ಕೇಲ್ ಸಾಹೇಬರು ಮೈಗೆ ಬೆಂಕಿ ಬಿದ್ದವರಂತೆ ಕಿರುಚಿದರು.

"ಅಳತೆ ಮಾಡ್ಕೊಳ್ಳಿ ಸಾರ್," ಎಂದು ಅವಳು ಬಿಡಿ ಹಾಳೆಗಳನ್ನು ಒಟ್ಟು ಮಾಡಿ ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.

ಹೊರಗೆ ಮೆಟ್ಟಿಲಿನ ಮೇಲೆ ಅಪ್ಪ ಒಂದೇ ಸಮನೆ ಬೈದರು. ತಲೆ ಕೆಟ್ಟಿದೆಯೇನೇ ನಿನಗೆ, ಬಂದ ಪದವಿಯನ್ನು ಕಾಲಿನಿಂದ ಒದ್ದೆಯಲ್ಲ, ಇನ್ನು ನಿನ್ನ ಗಂಡನಿಗೆ ನಾನು ಏನು ಮುಖ ತೋರಿಸಲಿ ಎಂದು ಬೈದರು. ಬೈದು ಬೈದು ದಣಿದು ಮೆಟ್ಟಿಲಿನ ಮೇಲೇ ಕೂತರು. ಟೀಚರ್ ಪಕ್ಕದಲ್ಲಿ ಕೂತಳು. ಒಂಬತ್ತು ವರ್ಷ ಹೋಯಿತು ಎಂಬುದು ಅವಳಿಗೆ ಆಗ ನಿಜವಾಗಿ ತಿಳಿಯಿತು. ಒಳಗಡೆ ಕುರ್ಚಿಗಳನ್ನು ಎಳೆಯುವ ಸದ್ದು ಕೇಳುತ್ತಿತ್ತು.

ಅಪ್ಪ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡರು.

"ಆ ಸಾಲು ಓದೇ ಒಂದ್ಸಲ," ಎಂದರು. "ಪೂರ್ತಿ ಓದು. ಸ್ವಲ್ಪ ಜೋರಾಗಿ."

ಅವಳು ಹಾಳೆ ಹುಡುಕಿ ತೆಗೆದು, ಹೋಗಿ ಬರುವವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಓದತೊಡಗಿದಳು.